ಒಂದೇ ಪಾಠ, ಹಲವು ಕೋರ್ಸ್: ಸ್ಕಾರ್ಮ್ ಓದುತ್ತಿರುವವರಿಗೆ ಟಿಪ್ಪಣಿ

ಇ-ಕಲಿಕೆಯ ಸ್ಟ್ಯಾಂಡರ್ಡ್‌ಗಳನ್ನು ಓದಲು ಕೂತರೆ ಮೊದಲು ಎದುರಾಗುವುದು ಹೆಸರುಗಳ ರಾಶಿ: ಎಐಸಿಸಿ, ಐಎಂಎಸ್, ಲಾಮ್, ಸ್ಕಾರ್ಮ್, ಎಕ್ಸ್‌ಎಪಿಐ, ಸಿಎಂಐ5. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ. ನನಗೆ ದಾರಿ ತೋರಿಸಿದ್ದು ಒಂದೇ ಪ್ರಶ್ನೆ: ಈ ಕೋರ್ಸಿನ ಒಂದು ಪಾಠವನ್ನು ಎತ್ತಿ ಇನ್ನೊಂದು ಕೋರ್ಸಿನಲ್ಲಿಟ್ಟರೆ ಏನೇನು ಮುರಿಯುತ್ತದೆ? ಟಿಪ್ಪಣಿ ಪೂರ್ತಿ ಆ ಪ್ರಶ್ನೆಯ ಬೆನ್ನು ಹತ್ತಿದೆ. ಹೆಚ್ಚಿನ ಮಾತು ಸ್ಕಾರ್ಮ್ ಬಗ್ಗೆ: ಪಾಠಗಳನ್ನು ಪ್ಯಾಕೇಜು ಕಟ್ಟಿ ಬೇರೆ ಬೇರೆ ಎಲ್‌ಎಂಎಸ್‌ಗಳಲ್ಲಿ (ಕೋರ್ಸ್ ನಡೆಸಿ ಕಲಿಯುವವರ ದಾಖಲೆ ಇಡುವ ತಂತ್ರಾಂಶಗಳಲ್ಲಿ) ಓಡಿಸಲು ಮಾಡಿದ ನಿಯಮಗಳ ಗುಚ್ಛ ಅದು. ಎಲ್‌ಎಂಎಸ್ ಎಂದರೇನು, ಎಕ್ಸ್‌ಎಂಎಲ್ ಕಡತ ನೋಡಲು ಹೇಗಿರುತ್ತದೆ ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ಉದಾಹರಣೆಗೆ ‘ಶೇಕಡಾ ಲೆಕ್ಕ’ ಎಂಬ ಒಂದು ಪಾಠ ಇಟ್ಟುಕೊಳ್ಳೋಣ. ಹತ್ತು ನಿಮಿಷದ ವಿವರಣೆ, ಕೊನೆಗೆ ಪುಟ್ಟ ಪರೀಕ್ಷೆ. ಲೆಕ್ಕಪತ್ರ ಕಲಿಯುವವರ ಕೋರ್ಸಿಗೂ ಇದು ಬೇಕು, ನರ್ಸಿಂಗ್ ಕೋರ್ಸಿನಲ್ಲಿ ಔಷಧದ ಪ್ರಮಾಣ ಕಲಿಸುವ ಭಾಗಕ್ಕೂ ಬೇಕು.

ಹಿನ್ನೆಲೆ, ಚಿಕ್ಕದಾಗಿ

ವಿಮಾನಯಾನ ಉದ್ಯಮದ ತರಬೇತಿಗಾಗಿ ಎಐಸಿಸಿ ಸಮಿತಿ ಹುಟ್ಟಿದ್ದು 1988ರಲ್ಲಿ. ಅಮೆರಿಕದ ರಕ್ಷಣಾ ಇಲಾಖೆ ಎಡಿಎಲ್ ಎಂಬ ಇ-ಕಲಿಕೆಯ ಯೋಜನೆಯನ್ನು 1997ರಲ್ಲಿ ಶುರು ಮಾಡಿತು. ಸ್ಕಾರ್ಮ್ ಅಲ್ಲಿಂದ ಬಂತು: 1.2 ಆವೃತ್ತಿ 2001ರಲ್ಲಿ, ‘ಸ್ಕಾರ್ಮ್ 2004’ರ ನಾಲ್ಕನೆಯ ಪರಿಷ್ಕರಣೆ 2009ರಲ್ಲಿ. ಸ್ಕಾರ್ಮ್ ಎಲ್ಲವನ್ನೂ ಹೊಸದಾಗಿ ಕಟ್ಟಲಿಲ್ಲ. ಪ್ಯಾಕೇಜು ಕಟ್ಟುವ ವಿಧಾನವನ್ನು ಐಎಂಎಸ್‌ನಿಂದ, ಪಾಠವೂ ಎಲ್‌ಎಂಎಸ್ಸೂ ಮಾತಾಡಿಕೊಳ್ಳುವ ವಿಧಾನವನ್ನು ಎಐಸಿಸಿಯಿಂದ, ಪಾಠದ ವಿವರ ಬರೆಯುವ ವಿಧಾನವನ್ನು ಐಇಇಇಯ ಲಾಮ್‌ನಿಂದ ತೆಗೆದುಕೊಂಡು ಒಂದೆಡೆ ಜೋಡಿಸಿತು. ಮೂರು ಮೂಲಗಳು, ಮೂರು ಕೆಲಸಗಳು. ಇಷ್ಟು ನೆನಪಿದ್ದರೆ ಮುಂದಿನದನ್ನು ಓದಲು ಸಾಕು.

ಐಟಂ ಬೇರೆ, ರಿಸೋರ್ಸ್ ಬೇರೆ

ಇಲ್ಲೇ ನನಗೆ ತಡೆ ಬಿದ್ದದ್ದು, ಹಾಗಾಗಿ ಇದನ್ನು ನಿಧಾನವಾಗಿ ಬಿಡಿಸುತ್ತೇನೆ.

ಸ್ಕಾರ್ಮ್ ಪ್ಯಾಕೇಜು ಎಂದರೆ ಒಂದು ಜಿಪ್ ಕಡತ. ಅದರ ಬೇರುಮಟ್ಟದಲ್ಲಿ ‘ಐಎಂಎಸ್‌ಮ್ಯಾನಿಫೆಸ್ಟ್’ ಎಂಬ ಎಕ್ಸ್‌ಎಂಎಲ್ ಕಡತ ಇರಲೇಬೇಕು. ಒಳಗಿನ ಫೋಲ್ಡರಿಗೆ ಜಾರಿದರೆ ಎಲ್‌ಎಂಎಸ್‌ಗೆ ಕಾಣಿಸುವುದಿಲ್ಲ. ಮ್ಯಾನಿಫೆಸ್ಟಿನಲ್ಲಿ ಮೆಟಾಡೇಟಾ (ಪಾಠದ ಬಗೆಗಿನ ವಿವರ), ಆರ್ಗನೈಸೇಷನ್ಸ್, ರಿಸೋರ್ಸಸ್ ಎಂಬ ಭಾಗಗಳಿವೆ. ಆರ್ಗನೈಸೇಷನ್ ಒಳಗೆ ಐಟಂಗಳು, ರಿಸೋರ್ಸಸ್ ಒಳಗೆ ರಿಸೋರ್ಸ್‌ಗಳು. ಮೊದಲ ಸಲ ನೋಡಿದಾಗ ಎರಡು ಕಡೆಯೂ ಅದೇ ಪಾಠಗಳ ಪಟ್ಟಿ. ಒಂದನ್ನೇ ಎರಡು ಸಲ ಯಾಕೆ ಬರೆಸುತ್ತಾರೆ ಎಂಬುದು ತಿಳಿಯದೆ ಅಲ್ಲೇ ನಿಂತೆ.

ಉತ್ತರ ಹೀಗೆ. ರಿಸೋರ್ಸ್ ಎಂದರೆ ವಸ್ತು: ಯಾವ ಕಡತದಿಂದ ಶುರು, ಜೊತೆಗೆ ಯಾವ ಚಿತ್ರ, ಯಾವ ಸ್ಕ್ರಿಪ್ಟ್ ಬೇಕು ಎಂಬುದಷ್ಟೇ ಅಲ್ಲಿ. ಐಟಂ ಎಂದರೆ ಆ ವಸ್ತುವಿಗೆ ಈ ಕೋರ್ಸಿನಲ್ಲಿ ಕೊಟ್ಟ ಜಾಗ. ಪುಸ್ತಕದ ಪರಿವಿಡಿಯ ಸಾಲಿನಂತೆ, ಐಟಂ ತಾನೇ ಪಾಠವಲ್ಲ, ಪಾಠದ ಕಡೆ ಬೆರಳು ತೋರುವ ಸಾಲು. ಬೆರಳಿನ ಕೆಲಸ ಮಾಡುವುದು ‘ಐಡೆಂಟಿಫೈಯರ್‌ರೆಫ್’ ಎಂಬ ಗುಣ. ಅದರಲ್ಲಿ ರಿಸೋರ್ಸಿನ ಗುರುತು ಬರೆದಿರುತ್ತದೆ.

ಲೆಕ್ಕಪತ್ರದ ಒಂದು ಭಾಗ ಮತ್ತು ಔಷಧ ಪ್ರಮಾಣದ ಒಂದು ಭಾಗ ಎರಡೂ ಇರುವ ಪ್ಯಾಕೇಜನ್ನು ಊಹಿಸಿಕೊಳ್ಳಿ. ಟ್ಯಾಗುಗಳನ್ನು ಬದಿಗಿಟ್ಟು ಮಾತಿನಲ್ಲಿ ಬರೆದರೆ ಹೀಗೆ ಬರುತ್ತದೆ:

ಐಟಂ ಅ-1: ಶೀರ್ಷಿಕೆ ‘ಶೇಕಡಾ ಲೆಕ್ಕ’, ತೋರಿಸುವುದು ರಿ-7, ಪಾಸಾಗಲು 60
ಐಟಂ ಆ-4: ಶೀರ್ಷಿಕೆ ‘ದ್ರಾವಣದಲ್ಲಿ ಶೇಕಡಾ’, ತೋರಿಸುವುದು ರಿ-7, ಪಾಸಾಗಲು 80
ರಿಸೋರ್ಸ್ ರಿ-7: ಬಗೆ ಎಸ್‌ಸಿಒ (ಎಲ್‌ಎಂಎಸ್ ಜೊತೆ ಮಾತಾಡುವ ಪಾಠ), ಶುರುವಿನ ಪುಟ ಶೇಕಡಾ ಫೋಲ್ಡರಿನಲ್ಲಿ, ಕಡತಗಳು ಇಂತಿಂಥವು

ರಿ-7 ಒಂದೇ. ಅದನ್ನು ತೋರಿಸುವ ಬೆರಳುಗಳು ಎರಡು. ಶೀರ್ಷಿಕೆ ಬೇರೆಯಾಯಿತು, ಪಾಸು ಅಂಕ ಬೇರೆಯಾಯಿತು, ಸ್ಥಾನ ಬೇರೆಯಾಯಿತು; ಪಾಠದ ಒಂದಕ್ಷರವನ್ನೂ ಯಾರೂ ಮುಟ್ಟಲಿಲ್ಲ.

ಪಾಸು ಅಂಕ ಎಲ್ಲಿದೆ ಎಂಬುದನ್ನು ಇನ್ನೊಮ್ಮೆ ನೋಡಿ. ಸ್ಕಾರ್ಮ್ 1.2ರಲ್ಲಿ ‘ಮಾಸ್ಟರಿಸ್ಕೋರ್’ ಬರೆಯುವುದು ಐಟಂ ಒಳಗೆ, ರಿಸೋರ್ಸ್ ಒಳಗಲ್ಲ. ಪಾಠ ತನ್ನ ಪರೀಕ್ಷೆಯ ಅಂಕವನ್ನು ಎಲ್‌ಎಂಎಸ್‌ಗೆ ಒಪ್ಪಿಸುತ್ತದೆ. ಮಾಸ್ಟರಿಸ್ಕೋರ್ ಕೊಟ್ಟಿದ್ದರೆ ಪಾಸೋ ಫೇಲೋ ಎಂದು ತೀರ್ಮಾನಿಸುವುದು ಎಲ್‌ಎಂಎಸ್. ಲೆಕ್ಕಪತ್ರ ಕಲಿಯುವವರಿಗೆ 60 ಸಾಕಾಗಬಹುದು. ಔಷಧದ ಪ್ರಮಾಣದಲ್ಲಿ ತಪ್ಪಿದರೆ ಜೀವಕ್ಕೆ ಅಪಾಯ, ಅಲ್ಲಿ 80 ಕೇಳುವುದು ನ್ಯಾಯ. ಈ ನಿರ್ಧಾರ ಪಾಠ ಬರೆದವರದ್ದಲ್ಲ, ಕೋರ್ಸ್ ಕಟ್ಟುವವರದ್ದು. ಪಾಠದ ಸ್ಕ್ರಿಪ್ಟಿನೊಳಗೆ ‘60ಕ್ಕಿಂತ ಹೆಚ್ಚಿದ್ದರೆ ಪಾಸು’ ಎಂದು ಬರೆದುಬಿಟ್ಟರೆ ಆ ನಿರ್ಧಾರ ವಸ್ತುವಿನೊಳಗೆ ಹೂತುಹೋಗುತ್ತದೆ. ಆಮೇಲೆ ಪಾಠ ಎಲ್ಲಿಗೆ ಹೋದರೂ 60 ಬೆನ್ನಿಗಂಟಿಕೊಂಡೇ ಹೋಗುತ್ತದೆ.

ಕಲಿಯುವವರ ದಾಖಲೆಯೂ ಐಟಂ ಲೆಕ್ಕದಲ್ಲೇ. ಸ್ಕಾರ್ಮ್ 2004ರಲ್ಲಿ ಅ-1 ಮುಗಿಸಿದರೆ ಆ-4 ತಾನಾಗಿ ಮುಗಿದಂತಲ್ಲ, ಪಾಠ ಒಂದೇ ಆಗಿದ್ದರೂ. ಒಂದರ ಫಲಿತಾಂಶ ಇನ್ನೊಂದಕ್ಕೂ ಸಲ್ಲಬೇಕಿದ್ದರೆ ಎರಡಕ್ಕೂ ಸಮಾನವಾದ ಗ್ಲೋಬಲ್ ಆಬ್ಜೆಕ್ಟಿವ್ (ಐಟಂಗಳು ಹಂಚಿಕೊಳ್ಳುವ ಗುರಿಯ ದಾಖಲೆ) ಕಟ್ಟಬೇಕು.

ಹಾಗಾಗಿ ಸಂದೇಹ ಬಂದಾಗಲೆಲ್ಲ ನಾನು ಕೇಳಿಕೊಳ್ಳುವುದು ಇಷ್ಟೇ: ಈ ವಿವರ ಕೋರ್ಸ್ ಬದಲಾದರೆ ಬದಲಾಗುತ್ತದೆಯೇ? ಹೌದಾದರೆ ಅದು ಐಟಂಗೆ ಸೇರಿದ್ದು. ಇಲ್ಲವಾದರೆ ರಿಸೋರ್ಸಿಗೆ. ಕ್ರಮ, ಶೀರ್ಷಿಕೆ, ಪಾಸು ಅಂಕ, ಸಮಯದ ಮಿತಿ, ‘ಇದಕ್ಕಿಂತ ಮೊದಲು ಅದನ್ನು ಮುಗಿಸಿರಬೇಕು’ ಎಂಬ ನಿಯಮ ಎಲ್ಲವೂ ಐಟಂ ಕಡೆಯವು.

ತಾಂತ್ರಿಕ ದಾಖಲೆ ಬರೆಯುವವರು ಬಳಸುವ ಡಿಟಾ ಸ್ಟ್ಯಾಂಡರ್ಡಿನಲ್ಲೂ ಇದೇ ವಿಭಜನೆ ಇದೆ. ಅಲ್ಲಿ ವಿಷಯ ‘ಟಾಪಿಕ್’ನಲ್ಲಿ, ಜೋಡಣೆ ‘ಮ್ಯಾಪ್’ನಲ್ಲಿ. ಒಂದು ಟಾಪಿಕ್ ಎಷ್ಟು ಮ್ಯಾಪುಗಳಲ್ಲಿ ಬೇಕಾದರೂ ಬರಬಹುದು. ಇದನ್ನು ನೋಡಿದ ಮೇಲೆಯೇ ಐಟಂ-ರಿಸೋರ್ಸ್ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

‘ಹಿಂದಿನ ಪಾಠದಲ್ಲಿ ನೋಡಿದಂತೆ’

ಮ್ಯಾನಿಫೆಸ್ಟನ್ನು ಎಷ್ಟೇ ಚೊಕ್ಕವಾಗಿ ಬರೆದರೂ ಪಾಠದ ಒಳಗಿನ ಮಾತು ಅದನ್ನು ಕೆಡಿಸಬಲ್ಲದು. ‘ಹಿಂದಿನ ಪಾಠದಲ್ಲಿ ನೋಡಿದಂತೆ’ ಎಂದು ಬರೆದ ಕೂಡಲೇ ಪಾಠಕ್ಕೆ ಒಂದು ಅಕ್ಕಪಕ್ಕ ಹುಟ್ಟಿಕೊಳ್ಳುತ್ತದೆ. ಹೊಸ ಕೋರ್ಸಿನಲ್ಲಿ ಆ ‘ಹಿಂದಿನ ಪಾಠ’ ಇರುವುದೇ ಇಲ್ಲ. ಕ್ರಮ ಆರ್ಗನೈಸೇಷನ್‌ನಲ್ಲಿರಬೇಕಿತ್ತು, ವಾಕ್ಯದೊಳಗೆ ಬಂದು ಕೂತಿದೆ.

ಇದಕ್ಕೆ ನನ್ನ ಇಷ್ಟದ ಉಪಾಯ ಹುಡುಕಾಟ. ಪಾಠದ ಪಠ್ಯವನ್ನೆಲ್ಲ ತೆರೆದು ಹಿಂದೆ, ಮುಂದೆ, ಈಗಾಗಲೇ, ಮೊದಲೇ, ಮೇಲೆ, ಕಳೆದ, ಈ ಕೋರ್ಸಿನಲ್ಲಿ, ಅಧ್ಯಾಯ ಎಂಬ ಪದಗಳನ್ನು ಒಂದೊಂದಾಗಿ ಹುಡುಕಿ. ಸಿಕ್ಕಿದ್ದೆಲ್ಲ ತಪ್ಪಲ್ಲ. ‘ಮುಂದೆ ಸೊನ್ನೆ ಸೇರಿಸಿ’ ಎಂಬುದರಲ್ಲಿ ತೊಂದರೆಯಿಲ್ಲ. ‘ಅಧ್ಯಾಯ 3ರಲ್ಲಿ ಕಲಿತ ಸೂತ್ರ’ ಎಂದಿದ್ದರೆ ಆ ಸೂತ್ರವನ್ನು ಅಲ್ಲೇ ಒಂದು ಸಾಲಿನಲ್ಲಿ ಬರೆದುಬಿಡಿ. ಪಾಠ ಒಂದು ಸಾಲು ಉದ್ದವಾಗುತ್ತದೆ, ಆದರೆ ತನ್ನ ಕಾಲ ಮೇಲೆ ನಿಲ್ಲುತ್ತದೆ. ಧ್ವನಿ ಮುದ್ರಿಸಿದ ಪಾಠಗಳಿಗೆ ಈ ಹುಡುಕಾಟವನ್ನು ಮುದ್ರಣಕ್ಕೆ ಮೊದಲೇ, ಓದಲು ಬರೆದ ಪಠ್ಯದ ಮೇಲೆ ಮಾಡಬೇಕು. ಮುದ್ರಿಸಿದ ಮೇಲೆ ಒಂದು ಪದ ಕೀಳುವುದೂ ದೊಡ್ಡ ಕೆಲಸ. ಚಿತ್ರದೊಳಗೆ ಅಚ್ಚಾದ ‘ಪಾಠ 4’ ಹುಡುಕಾಟಕ್ಕೆ ಸಿಗುವುದಿಲ್ಲ, ಅದನ್ನು ಕಣ್ಣಿನಿಂದಲೇ ನೋಡಬೇಕು.

‘ಮುಂದಿನ ಪಾಠ’ ಎಂಬ ಗುಂಡಿಯೂ ಇದೇ ಜಾತಿಯದು. ಪಾಠದ ಒಳಗಿನ ಪುಟಗಳ ನಡುವೆ ಗುಂಡಿ ಇರಲಿ. ಆದರೆ ಒಂದು ಎಸ್‌ಸಿಒ ಇನ್ನೊಂದು ಎಸ್‌ಸಿಒವನ್ನು ತಾನೇ ತೆರೆಯಬಾರದು, ಆ ಕೆಲಸ ಎಲ್‌ಎಂಎಸ್‌ನದು. ಕಡತದ ಹಾದಿಯೂ ಹಾಗೆಯೇ: ಪಾಠದ ಚಿತ್ರ ಪಕ್ಕದ ಪಾಠದ ಫೋಲ್ಡರಿನಲ್ಲಿದ್ದರೆ, ಪಾಠವನ್ನು ಎತ್ತಿದಾಗ ಚಿತ್ರ ಅಲ್ಲೇ ಉಳಿಯುತ್ತದೆ. ಹಲವು ಪಾಠಗಳಿಗೆ ಬೇಕಾದ ಲೋಗೊ, ಶೈಲಿ ಕಡತಗಳನ್ನು ಬೇರೆಯೇ ಒಂದು ರಿಸೋರ್ಸ್ ಮಾಡಿ, ‘ಡಿಪೆಂಡೆನ್ಸಿ’ ಎಂಬ ಟ್ಯಾಗಿನಿಂದ ತೋರಿಸಿ.

ಸಂದರ್ಭವನ್ನೆಲ್ಲ ಕಿತ್ತುಹಾಕಿದರೆ ಪಾಠ ಎಲ್ಲಿಗಾದರೂ ಹೊಂದುತ್ತದೆ, ಆದರೆ ಕಲಿಯುವವರಿಗೆ ರುಚಿಸುವುದಿಲ್ಲ. ಶಿಕ್ಷಣ ತಂತ್ರಜ್ಞಾನದ ಸಂಶೋಧಕ ಡೇವಿಡ್ ವೈಲಿ ‘ಮರುಬಳಕೆಯ ವಿರೋಧಾಭಾಸ’ ಎಂದು ಗುರುತಿಸಿದ್ದು ಇದನ್ನೇ: ಪಾಠಕ್ಕೆ ಸಂದರ್ಭ ಹೆಚ್ಚಿದ್ದಷ್ಟೂ ಅದು ಚೆನ್ನಾಗಿ ಕಲಿಸುತ್ತದೆ, ಅಷ್ಟೇ ಮಟ್ಟಿಗೆ ಬೇರೆ ಕಡೆ ಬಳಸುವುದು ಕಷ್ಟವಾಗುತ್ತದೆ. ‘0.9% ಸಲೈನ್ ಎಂದರೆ 100 ಮಿಲಿಲೀಟರಿನಲ್ಲಿ 0.9 ಗ್ರಾಂ ಉಪ್ಪು’ ಎಂಬ ಉದಾಹರಣೆ ನರ್ಸಿಂಗ್ ವಿದ್ಯಾರ್ಥಿಗೆ ತಕ್ಷಣ ನಾಟುತ್ತದೆ. ಲೆಕ್ಕಪತ್ರದವರಿಗೆ ಅದು ಹೊರಗಿನದು, ಅವರಿಗೆ ರಿಯಾಯಿತಿಯ ಲೆಕ್ಕ ಬೇಕು. ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಅರ್ಧ ಪರಿಹಾರ ಇದೆ. ನಿಯಮ ಮತ್ತು ಅಭ್ಯಾಸ ಒಂದೇ ಇರಲಿ, ಉದಾಹರಣೆಗಳ ಎರಡು ಗೊಂಚಲು ಪಾಠದ ಜೊತೆಗಿರಲಿ. ಯಾವ ಗೊಂಚಲು ತೋರಿಸಬೇಕು ಎಂಬುದನ್ನು ಐಟಂನ ‘ಪ್ಯಾರಾಮೀಟರ್ಸ್’ ಗುಣದಲ್ಲಿ ಬರೆದರೆ ಅದು ಪಾಠದ ವಿಳಾಸದ ಬಾಲಕ್ಕೆ ಸೇರಿ ಬರುತ್ತದೆ. ಪಾಠ ಅದನ್ನು ಓದಿ ಆರಿಸಿಕೊಳ್ಳುತ್ತದೆ. ಮತ್ತೆ ಅದೇ ಗೆರೆ: ಆಯ್ಕೆ ಐಟಂನಲ್ಲಿ, ವಸ್ತು ರಿಸೋರ್ಸಿನಲ್ಲಿ.

ಎಸ್‌ಸಿಒ ಎಷ್ಟು ದೊಡ್ಡದಿರಬೇಕು

ರಿಸೋರ್ಸ್‌ನಲ್ಲಿ ಎರಡು ಬಗೆ. ಅಸೆಟ್ ಸುಮ್ಮನೆ ತೆರೆದುಕೊಳ್ಳುತ್ತದೆ. ಎಸ್‌ಸಿಒ ಎಲ್‌ಎಂಎಸ್‌ನ ಎಪಿಐ (ಅದರೊಡನೆ ಮಾತಾಡುವ ದಾರಿ) ಹುಡುಕಿ ‘ಶುರುವಾಯಿತು’, ‘ಮುಗಿಯಿತು’ ಎಂದಾದರೂ ಹೇಳಲೇಬೇಕು. ಅಂಕ, ಸ್ಥಿತಿ ಇತ್ಯಾದಿ ಐಚ್ಛಿಕ. ಎಲ್‌ಎಂಎಸ್ ಲೆಕ್ಕ ಇಡಬಲ್ಲ ಅತಿ ಚಿಕ್ಕ ತುಂಡು ಎಸ್‌ಸಿಒ.

ಕೋರ್ಸ್ ತಯಾರಿಸುವ ಎಷ್ಟೋ ಸಾಧನಗಳು ಇಡೀ ಕೋರ್ಸನ್ನು ಒಂದೇ ಎಸ್‌ಸಿಒ ಆಗಿ ಹೊರಹಾಕುತ್ತವೆ. ಪ್ಯಾಕೇಜು ಸ್ಕಾರ್ಮ್ ನಿಯಮಕ್ಕೆ ಸರಿಯಾಗಿಯೇ ಇರುತ್ತದೆ, ಯಾವ ಎಲ್‌ಎಂಎಸ್‌ನಲ್ಲೂ ಓಡುತ್ತದೆ, ಆದರೆ ಒಳಗಿನ ಶೇಕಡಾ ಪಾಠವನ್ನು ಬಿಡಿಸಿ ತೆಗೆಯಲು ಆಗುವುದಿಲ್ಲ. ಸ್ಟ್ಯಾಂಡರ್ಡ್ ಪಾಲಿಸಿದ್ದೇವೆ ಎಂಬುದಕ್ಕೂ ಮರುಬಳಕೆ ಸಾಧ್ಯ ಎಂಬುದಕ್ಕೂ ಇರುವ ಅಂತರ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಇನ್ನೊಂದು ತೊಂದರೆ: ಬಿಟ್ಟ ಜಾಗದಿಂದ ಮುಂದುವರಿಯಲು ಪಾಠ ಬರೆದಿಟ್ಟುಕೊಳ್ಳುವ ‘ಸಸ್ಪೆಂಡ್ ಡೇಟಾ’ಕ್ಕೆ ಸ್ಕಾರ್ಮ್ 1.2ರಲ್ಲಿ 4096 ಅಕ್ಷರಗಳ ಮಿತಿ ಇದೆ. ದೊಡ್ಡ ಕೋರ್ಸಿನ ಎಲ್ಲ ಪುಟಗಳ ಸ್ಥಿತಿಯನ್ನು ಅದರಲ್ಲಿ ತುರುಕುವುದು ಕಷ್ಟ.

ತೀರಾ ಚಿಕ್ಕದೂ ಬೇಡ. ಪುಟಕ್ಕೊಂದು ಎಸ್‌ಸಿಒ ಮಾಡಿದರೆ ಪರಿವಿಡಿ ಉದ್ದವಾಗುತ್ತದೆ, ಪ್ರತಿ ಪುಟಕ್ಕೂ ಶುರು-ಮುಗಿತದ ಮಾತುಕತೆ ನಡೆಯುತ್ತದೆ. ಒಂದು ಕಲಿಕೆಯ ಗುರಿ, ಅದನ್ನು ಅಳೆಯುವ ಒಂದು ಪರೀಕ್ಷೆ, ಇವೆರಡಕ್ಕೆ ಒಂದು ಎಸ್‌ಸಿಒ: ಇದು ನನಗೆ ಸರಿ ಕಂಡ ಅಳತೆ.

ಮೆಟಾಡೇಟಾ

ಲಾಮ್ ಸ್ಟ್ಯಾಂಡರ್ಡ್ 2002ರದು. ಅದರಲ್ಲಿ ಒಂಬತ್ತು ವಿಭಾಗಗಳಿವೆ, ಎಲ್ಲ ಅಂಶಗಳೂ ಐಚ್ಛಿಕ. ಎಲ್ಲವನ್ನೂ ತುಂಬಲು ಹೊರಟವರು ದಣಿದು ಯಾವುದನ್ನೂ ತುಂಬುವುದಿಲ್ಲ. ಶೀರ್ಷಿಕೆ, ಭಾಷೆ, ಎರಡು ಸಾಲಿನ ವಿವರಣೆ, ಕೀಲಿಪದಗಳು, ಬೇಕಾಗುವ ಸಮಯ, ಆವೃತ್ತಿ, ಹಕ್ಕು: ಇಷ್ಟನ್ನು ಪ್ರತಿ ಎಸ್‌ಸಿಒಗೂ ತುಂಬಿ. ಹಕ್ಕಿನ ವಿವರ ಖಾಲಿ ಬಿಡಬೇಡಿ. ಬಳಸಬಹುದೇ ಎಂಬುದು ಸ್ಪಷ್ಟವಿಲ್ಲದ ಪಾಠವನ್ನು ಎಚ್ಚರಿಕೆಯುಳ್ಳವರು ಮುಟ್ಟುವುದಿಲ್ಲ.

ಎಕ್ಸ್‌ಎಪಿಐ, ಸಿಎಂಐ5

2013ರಲ್ಲಿ 1.0 ಆವೃತ್ತಿ ಕಂಡ ಎಕ್ಸ್‌ಎಪಿಐ ‘ಯಾರು, ಏನು ಮಾಡಿದರು, ಯಾವುದನ್ನು’ ಎಂಬ ರೂಪದಲ್ಲಿ ಕಲಿಕೆಯ ದಾಖಲೆ ಬರೆಯುತ್ತದೆ. ಪ್ಯಾಕೇಜಿನ ರಚನೆ ಹೇಗಿರಬೇಕು ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ, ಹಾಗಾಗಿ ಅದನ್ನು ಸ್ಕಾರ್ಮ್ ಜಾಗಕ್ಕೆ ನೇರವಾಗಿ ಕೂರಿಸಲಾಗದು. ಆ ಕೊರತೆ ತುಂಬುವುದು 2016ರ ಸಿಎಂಐ5. ಅದರಲ್ಲಿ ಕೋರ್ಸಿನ ರಚನೆಗೆ ಬೇರೆ ಎಕ್ಸ್‌ಎಂಎಲ್ ಕಡತವಿದೆ. ಪಾಸು ಅಂಕವೂ, ಮುಂದೆ ಹೋಗಲು ಓದಿ ಮುಗಿಸಿದರೆ ಸಾಕೇ ಪಾಸಾಗಲೇಬೇಕೇ ಎಂದು ಹೇಳುವ ‘ಮೂವ್‌ಆನ್’ ನಿಯಮವೂ ಅಲ್ಲೇ ಇರುತ್ತವೆ. ಐಟಂ-ರಿಸೋರ್ಸ್ ಅರ್ಥವಾದವರಿಗೆ ಇದು ಹೊಸದೆನಿಸುವುದಿಲ್ಲ.

ಐದು ಜಿಪ್, ಐದು ನಕಲು

ರಿ-7ನ್ನು ಎರಡು ಐಟಂಗಳು ತೋರಿಸುವುದು ಒಂದೇ ಪ್ಯಾಕೇಜಿನ ಒಳಗೆ. ಐದು ಕೋರ್ಸುಗಳು ಬೇರೆ ಬೇರೆ ಜಿಪ್‌ಗಳಾದ ಕೂಡಲೇ ಪ್ರತಿಯೊಂದರಲ್ಲೂ ರಿ-7ರ ಒಂದೊಂದು ನಕಲು ಇರುತ್ತದೆ. ಪಾಠದಲ್ಲಿ ಒಂದು ಅಂಕಿ ತಿದ್ದಬೇಕಾದರೆ ಐದೂ ಜಿಪ್ ಬಿಚ್ಚಬೇಕು. ಸ್ಕಾರ್ಮ್ ಪ್ಯಾಕೇಜಿಂಗ್ ಇದನ್ನು ತಾನಾಗಿ ಬಗೆಹರಿಸುವುದಿಲ್ಲ. ಸಿಎಂಐ5ರಲ್ಲಿ ಪಾಠ ಜಿಪ್ಪಿನ ಹೊರಗೆ, ಒಂದು ಪೂರ್ಣ ವಿಳಾಸದಲ್ಲಿ ಇರಬಹುದಾದ್ದರಿಂದ ಹಲವು ಕೋರ್ಸುಗಳು ಒಂದೇ ಪ್ರತಿಯನ್ನು ತೋರಿಸಲು ಸಾಧ್ಯ. ಹಾಗೆ ಮಾಡಿದಾಗ ಒಂದು ತಿದ್ದುಪಡಿ ಎಲ್ಲ ಕೋರ್ಸುಗಳಿಗೂ ಒಮ್ಮೆಲೇ ತಾಗುತ್ತದೆ. ಅರ್ಧ ಕಲಿತವರ ಕಣ್ಣೆದುರೇ ಪಾಠ ಬದಲಾಗುವ ಅಪಾಯವೂ ಜೊತೆಗೇ ಬರುತ್ತದೆ.

ಸ್ಕಾರ್ಮ್‌ನಲ್ಲೇ ಇರಬೇಕಾದವರು ಪಾಠದ ಮೂಲ ಕಡತಗಳನ್ನು ಒಂದೇ ಜಾಗದಲ್ಲಿಟ್ಟು, ಜಿಪ್‌ಗಳನ್ನು ಅದರಿಂದ ಸ್ಕ್ರಿಪ್ಟ್ ಮೂಲಕ ಕಟ್ಟಬೇಕು. ಜಿಪ್ ಒಳಗೆ ಕೈಯಿಂದ ತಿದ್ದುವುದು ಬೇಡ. ಎಲ್ಲ ಪ್ಯಾಕೇಜುಗಳಲ್ಲೂ ಪಾಠದ ಗುರುತು ಒಂದೇ ಇರಲಿ, ಆವೃತ್ತಿ ಸಂಖ್ಯೆ ಮೆಟಾಡೇಟಾದಲ್ಲಿರಲಿ. ಹಾಗಿದ್ದರೆ ಹಳೆಯ ಶೇಕಡಾ ಪಾಠ ಇನ್ನೂ ಯಾವ ಕೋರ್ಸಿನಲ್ಲಿ ಉಳಿದಿದೆ ಎಂಬುದನ್ನು ಮ್ಯಾನಿಫೆಸ್ಟ್‌ಗಳನ್ನು ಓದಿಯೇ ಪತ್ತೆಹಚ್ಚಬಹುದು.