ಬೀಜದಿಂದ ನಾಟಿಯವರೆಗೆ: ಕೋಲಾರದ ಕೈತೋಟಕ್ಕೆ ಪೈರು ಟಿಪ್ಪಣಿ

ಕೋಲಾರದ ಸುತ್ತ ಟೊಮ್ಯಾಟೊ ಬೆಳೆಯುವವರಲ್ಲಿ ತಾವೇ ಪೈರು ಮಾಡಿಕೊಳ್ಳುವವರು ಈಗ ಕಡಿಮೆ. ನರ್ಸರಿಗೆ ಮೊದಲೇ ಹೇಳಿಟ್ಟು, ಟ್ರೇ ಲೆಕ್ಕದಲ್ಲಿ ತರುತ್ತಾರೆ. ಎಕರೆಗಟ್ಟಲೆ ನಾಟಿ ಮಾಡುವವರಿಗೆ ಅದೇ ಸರಿ. ಆದರೆ ಮನೆ ಹಿಂದೆ ಹತ್ತು ಟೊಮ್ಯಾಟೊ, ಐದಾರು ಮೆಣಸಿನ ಗಿಡ, ನಾಲ್ಕು ಬದನೆ ಸಾಕು ಅನ್ನುವವರು ಬೀಜದಿಂದಲೇ ಶುರು ಮಾಡಬಹುದು. ಅಂಥವರಿಗೆ, ಅಂದರೆ ನನ್ನ ಹಾಗೆ ಕಲಿಯುತ್ತಿರುವವರಿಗೆ, ಈ ಟಿಪ್ಪಣಿ.

ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಗಿಡ ಒಣಗಿಬಿಟ್ಟೀತು ಅನ್ನುವ ಭಯ ನಮಗೆ ಯಾವಾಗಲೂ ಇದ್ದದ್ದೇ. ಅದೇ ಭಯದಲ್ಲಿ ಟ್ರೇಗೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹಾಕುತ್ತೇವೆ. ಮನೆಯಲ್ಲಿ ಮಾಡುವ ಪೈರು ಜಾಸ್ತಿ ಕೆಡುವುದು ಇಲ್ಲೇ. ಹೊಲದಲ್ಲಿ ನೀರಿಗೆ ಬರ, ಟ್ರೇಯಲ್ಲಿ ಗಾಳಿಗೆ ಬರ. ಈ ಒಂದು ವಿಷಯ ತಲೆಗೆ ಹತ್ತಿದರೆ ಮುಂದಿನದೆಲ್ಲ ಸುಲಭ.

ಬೀಜ ಏನು ಕೇಳುತ್ತದೆ

ಬೀಜ ನೀರು ಕುಡಿದು ಉಬ್ಬುತ್ತದೆ. ಆಮೇಲೆ ಒಳಗಿನ ಮೊಳಕೆ ಉಸಿರಾಡಲು ಶುರು ಮಾಡುತ್ತದೆ. ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಜಾಗವೆಲ್ಲ ನೀರೇ ತುಂಬಿಕೊಂಡರೆ ಗಾಳಿ ಎಲ್ಲಿಂದ ಬರಬೇಕು? ಬೀಜ ಕೊಳೆಯುತ್ತದೆ. ನಾವು ಬೀಜವೇ ಸರಿಯಿಲ್ಲ ಅಂದುಕೊಳ್ಳುತ್ತೇವೆ.

ಗೊಬ್ಬರ ಮಾತ್ರ ಈಗ ಬೇಡ. ಬೀಜದಲ್ಲೇ ಊಟ ಇರುತ್ತದೆ. ಮೊದಲು ಬಿಚ್ಚಿಕೊಳ್ಳುವ ಎರಡು ಎಲೆಗಳು ಬೀಜದೆಲೆಗಳು. ಅವುಗಳ ನಡುವಿನಿಂದ ನಿಜವಾದ ಎಲೆ ಬರುವ ತನಕ ಹೊರಗಿನ ಗೊಬ್ಬರ ದಂಡ.

ಬಿಸಿ ಮುಖ್ಯ. ಟೊಮ್ಯಾಟೊಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ 5–7 ದಿನದಲ್ಲಿ ಮೊಳಕೆ ಕಾಣುತ್ತದೆ. ಮೆಣಸಿನಕಾಯಿ ಇನ್ನೂ ನಿಧಾನ. ಡಿಸೆಂಬರ್, ಜನವರಿಯ ಚಳಿಯಲ್ಲಿ ಅದು ಎರಡು ವಾರ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಅಷ್ಟರಲ್ಲಿ ಅಗೆದು ನೋಡಬೇಡಿ.

ಬೀಜ ಹಳೆಯದು ಅನ್ನಿಸಿದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ನೋಡಿ. ಅಂಗಡಿಯ ಪೊಟ್ಟಣದ ಬೀಜ ಗುಲಾಬಿ, ನೀಲಿ, ಹಸಿರು ಬಣ್ಣದಲ್ಲಿದ್ದರೆ ಅದಕ್ಕೆ ಔಷಧ ಲೇಪಿಸಿದ್ದಾರೆ ಎಂದು ಅರ್ಥ. ಅದನ್ನು ನೆನೆಸಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಬಣ್ಣವಿಲ್ಲದ ನಾಟಿ ಬೀಜಕ್ಕೆ ಸ್ವಲ್ಪ ಟ್ರೈಕೋಡರ್ಮಾ (ರೋಗದ ಶಿಲೀಂಧ್ರಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ ಸವರಿ ಬಿತ್ತಬಹುದು.

ಮಣ್ಣೋ, ಕೋಕೋಪಿಟ್ಟೋ

ನಮ್ಮ ಕೆಮ್ಮಣ್ಣು ಒಳ್ಳೆಯದೇ. ಆದರೆ ನೀರು ಬಿದ್ದು ಒಣಗಿದರೆ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಸಣ್ಣ ಬೀಜದ ಮೊಳಕೆ ಅದನ್ನು ಸೀಳಿ ಬರಲಾರದು. ಹಾಗಾಗಿ ಬರೀ ಮಣ್ಣು ಬೇಡ. ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಮರಳು ಸಮಸಮ ಬೆರೆಸಿ. ಮಡಿ ಮಾಡುವುದಾದರೆ ನೆಲದಿಂದ ಒಂದು ಗೇಣಿನಷ್ಟಾದರೂ ಎತ್ತರಿಸಿ, ನೀರು ನಿಲ್ಲಬಾರದು.

ಟ್ರೇ ಆದರೆ ಕೋಕೋಪಿಟ್ ಸಲೀಸು. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ ಅದು. ತಿಪಟೂರಿನಂಥ ತೆಂಗಿನ ಸೀಮೆ ತುಮಕೂರು ಜಿಲ್ಲೆಯಲ್ಲೇ ಇದೆಯಲ್ಲ. ಒಂದು ಎಚ್ಚರಿಕೆ: ತೊಳೆಯದ ಕೋಕೋಪಿಟ್‌ನಲ್ಲಿ ಉಪ್ಪಿನಂಶ ಜಾಸ್ತಿ. ಒತ್ತಿ ಮಾಡಿದ ಕೋಕೋಪಿಟ್ ಇಟ್ಟಿಗೆಯನ್ನು ನೀರಲ್ಲಿ ಬಿಡಿಸಿ, ಎರಡು ಮೂರು ಸಲ ತೊಳೆದು ಹಿಂಡಿ ಬಳಸಿ. ನಮ್ಮ ಕಡೆ ಇದು ಇನ್ನೂ ಮುಖ್ಯ, ಯಾಕೆಂದರೆ ಬೋರ್‌ವೆಲ್ ನೀರೂ ಬಹಳ ಕಡೆ ಗಡಸು. ಎರಡೂ ಕಡೆಯ ಉಪ್ಪು ಸೇರಿದರೆ ಎಳೆ ಎಲೆಯ ಅಂಚು ಸುಡುತ್ತದೆ, ಟ್ರೇ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನು ಮೊದಲು ಪೈರಿಗೇ ಕೊಡಿ.

ಹದ ನೋಡುವುದು ಹೀಗೆ. ಒಂದು ಹಿಡಿ ಕೋಕೋಪಿಟ್ ತೆಗೆದುಕೊಂಡು ಗಟ್ಟಿಯಾಗಿ ಹಿಂಡಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸಾಕು. ನೀರು ಧಾರೆಯಾಗಿ ಸುರಿದರೆ ಜಾಸ್ತಿ ಆಗಿದೆ.

ಟೊಮ್ಯಾಟೊ, ಮೆಣಸು, ಬದನೆಗೆ ನರ್ಸರಿಗಳು ಸಾಮಾನ್ಯವಾಗಿ ಬಳಸುವುದು 98 ಗುಳಿಯ ಟ್ರೇ. ಗುಳಿಗೆ ಒಂದೇ ಬೀಜ, ಅರ್ಧ ಸೆಂಟಿಮೀಟರಿನಿಂದ ಒಂದರವರೆಗೆ ಆಳ. ಬೀಜದ ದಪ್ಪದ ಎರಡು ಮೂರು ಪಟ್ಟು ಅಂತ ಲೆಕ್ಕ ಇಟ್ಟುಕೊಳ್ಳಿ. ಸೌತೆ, ಹೀರೆ, ಕುಂಬಳಕ್ಕೆ ದೊಡ್ಡ ಗುಳಿ ಬೇಕು, ಬೇರು ಅಲುಗಿದರೆ ಅವು ಮುನಿಸಿಕೊಳ್ಳುತ್ತವೆ. ಮೂಲಂಗಿ, ಕ್ಯಾರೆಟ್, ಹುರುಳಿಕಾಯಿ, ಅವರೆಗೆ ಟ್ರೇ ಬೇಡವೇ ಬೇಡ, ನೇರ ಮಡಿಗೆ ಬಿತ್ತಿ.

ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಇಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸುವುದು ನರ್ಸರಿ ಪದ್ಧತಿ. ಬಿಸಿ ಮತ್ತು ತೇವ ಉಳಿಯುತ್ತದೆ. ಆದರೆ ಮೂರನೇ ದಿನದಿಂದ ದಿನವೂ ಎತ್ತಿ ನೋಡಬೇಕು. ಬಿಳಿ ಮೊಳಕೆ ಬಗ್ಗಿಕೊಂಡು ತಲೆ ಎತ್ತಿದ್ದು ಕಂಡ ದಿನವೇ ಹೊದಿಕೆ ತೆಗೆದು ಬೆಳಕಿಗೆ ಇಡಿ. ಒಂದು ದಿನ ತಡವಾದರೂ ಕಾಂಡ ಉದ್ದ ಓಡುತ್ತದೆ.

ಬುಡ ಕೊಳೆ

ಸಂಜೆ ನೆಟ್ಟಗಿದ್ದ ಪೈರು ಬೆಳಿಗ್ಗೆ ಮಲಗಿರುತ್ತದೆ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ದಾರ ಕಟ್ಟಿ ಬಿಗಿದ ಹಾಗೆ ಸಣ್ಣಗಾಗಿರುತ್ತದೆ. ಇದೇ ಸಸಿ ಸಾಯುವ ರೋಗ. ಪಿಥಿಯಂ, ರೈಜೋಕ್ಟೋನಿಯಾ ಮುಂತಾದ ಮಣ್ಣಿನ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಕೆಲವು ಸಲ ಮೊಳಕೆ ಹೊರಗೆ ಬರುವ ಮೊದಲೇ ಮಣ್ಣೊಳಗೆ ಸಾಯುತ್ತದೆ, ಆಗ ನಮಗೆ ರೋಗ ಅಂತ ಗೊತ್ತೇ ಆಗುವುದಿಲ್ಲ.

ಬಾಡಿದೆ ಅಂದುಕೊಂಡು ಇನ್ನಷ್ಟು ನೀರು ಹಾಕಿದರೆ ಪಕ್ಕದವೂ ಹೋದವು. ಪಿಥಿಯಂಗೆ ನೀರೇ ವಾಹನ, ಅದರ ಬೀಜಕಣಗಳು ನೀರಲ್ಲಿ ಈಜಿ ಹರಡುತ್ತವೆ. ಮಲಗಿದ ಪೈರು ಮತ್ತೆ ಏಳುವುದಿಲ್ಲ. ಅದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಹಾಕಿ, ಮೇಲ್ಪದರ ಒಣಗಲು ಬಿಡಿ, ಗಾಳಿಯಾಡುವ ಕಡೆಗೆ ಇಡಿ. ಉಳಿದವನ್ನು ಉಳಿಸುವ ಪ್ರಯತ್ನ ಅಷ್ಟೇ.

ಬರದಂತೆ ನೋಡಿಕೊಳ್ಳುವುದೇ ಜಾಣತನ. ನೀರು ಬೆಳಿಗ್ಗೆ ಕೊಡಿ, ಸಂಜೆಯ ಹೊತ್ತಿಗೆ ಮೇಲ್ಪದರ ಆರಿರಬೇಕು. ಮೇಲ್ಪದರದ ಬಣ್ಣ ತಿಳಿಯಾದ ಮೇಲೆ ಮತ್ತೆ ಕೊಡಿ. ಟ್ರೇ ಎತ್ತಿ ತೂಕ ನೋಡುವುದು ಇನ್ನೂ ಒಳ್ಳೆಯ ಲೆಕ್ಕ, ನಾಲ್ಕು ದಿನದಲ್ಲಿ ಕೈಗೇ ಅಂದಾಜು ಸಿಗುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ದಿನಕ್ಕೆ ಎರಡು ಸಲ ಬೇಕಾಗಬಹುದು, ಮೋಡದ ದಿನ ಒಂದು ಸಲವೂ ಬೇಡವಾಗಬಹುದು. ಹಳೆ ಟ್ರೇಯನ್ನು ಸೋಪು ಹಾಕಿ ತೊಳೆದು ಬಿಸಿಲಿಗಿಡಿ. ಮಡಿಯಲ್ಲಿ ಮಾಡುವವರಿಗೆ ನಮ್ಮ ಬೇಸಿಗೆಯೇ ಔಷಧ: ಮಡಿಗೆ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ 4–6 ವಾರ ಬಿಡಿ. ಕಪ್ಪು ಹಾಳೆಯಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ.

ಬೆಳಕು, ಗಾಳಿ, ಬಲೆ

ಕಿಟಕಿ ಪಕ್ಕ ಇಟ್ಟರೆ ಸಾಕು ಅಂತ ತುಂಬ ಜನ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನಮ್ಮ ಕಣ್ಣಿಗೆ ಬೆಳಕು ಅನ್ನಿಸುವುದು ಪೈರಿಗೆ ಮಬ್ಬು. ಬೆಳಕು ಹುಡುಕಿಕೊಂಡು ಅದು ಉದ್ದಕ್ಕೆ, ತೆಳ್ಳಗೆ ಬೆಳೆಯುತ್ತದೆ. ಬೇಗ ಎತ್ತರವಾಯಿತು ಅಂತ ಖುಷಿಪಡುವ ವಿಷಯವಲ್ಲ ಅದು. ಗಿಡ್ಡ, ದಪ್ಪ ಕಾಂಡ, ಕಡು ಹಸಿರು ಎಲೆ, ಇದೇ ಒಳ್ಳೆ ಪೈರು. ತಾರಸಿಯಲ್ಲಿ 50 ಪರ್ಸೆಂಟ್ ನೆರಳು ಬಲೆ ಕೆಳಗೆ ಇಟ್ಟರೆ ಸರಿ. ದಿನಕ್ಕೊಂದೆರಡು ಸಲ ಪೈರಿನ ತುದಿಯನ್ನು ಅಂಗೈಯಲ್ಲಿ ಮೆಲ್ಲಗೆ ಸವರಿದರೂ ಕಾಂಡ ಗಟ್ಟಿಯಾಗುತ್ತದೆ. ತಮಾಷೆ ಅಲ್ಲ, ಅಲುಗಾಟಕ್ಕೆ ಗಿಡ ನಿಜವಾಗಿಯೂ ಹಾಗೆ ಪ್ರತಿಕ್ರಿಯಿಸುತ್ತದೆ.

ಬೇಸಿಗೆಯಲ್ಲಿ ಬಿಳಿ ನೊಣ ಟೊಮ್ಯಾಟೊಗೆ ಎಲೆ ಮುದುಡು ರೋಗದ ವೈರಸ್ ತರುತ್ತದೆ. ಎಳೆಯದರಲ್ಲೇ ತಗುಲಿದರೆ ಆ ಗಿಡದಿಂದ ಕಾಯಿ ಸಿಗುವುದು ಅಷ್ಟಕ್ಕಷ್ಟೆ. ಇಂಚಿಗೆ 40–50 ಕಣ್ಣಿರುವ ನೈಲಾನ್ ಬಲೆ ಹೊದಿಸಿ.

ಎರಡು ನಿಜ ಎಲೆ ಬಂದ ಮೇಲೆ ಲೀಟರಿಗೆ 2–3 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಕರಗಿಸಿ ಒಮ್ಮೆ, ವಾರದ ನಂತರ ಇನ್ನೊಮ್ಮೆ ಕೊಡಿ. ಹಳೆ ಎಲೆ ಹಳದಿಯಾದರೆ ಸಾರಜನಕ ಸಾಲದು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ ಸಿಗುತ್ತಿಲ್ಲ, ಗಡಸು ನೀರಿನವರಿಗೆ ಇದು ಬರುತ್ತದೆ.

ತಳಿ ಆರಿಸುವಾಗ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮ್ಯಾಟೊ ಮೂರು ರೋಗ ತಡೆಯುತ್ತದೆ: ಎಲೆ ಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ. ಆದರೆ ಅದು ಹೈಬ್ರಿಡ್. ಅದರ ಹಣ್ಣಿನ ಬೀಜ ಹಾಕಿದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ಅರ್ಕಾ ವಿಕಾಸ್‌ನಂಥ ತಳಿ ಹಾಕಿ. ಹೆಚ್ಚಿನ ವಿಚಾರಕ್ಕೆ ಕೋಲಾರದ ಟಮಕ ಅಥವಾ ತುಮಕೂರು ಬಳಿಯ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ನಾಟಿ

ಟೊಮ್ಯಾಟೊ ಸುಮಾರು 25 ದಿನಕ್ಕೆ, ಮೆಣಸಿನಕಾಯಿ 30–35 ದಿನಕ್ಕೆ ನಾಟಿಗೆ ಬರುತ್ತದೆ. ಅದಕ್ಕೆ ಒಂದು ವಾರ ಮೊದಲು ನೀರು ಸ್ವಲ್ಪ ಕಡಿಮೆ ಮಾಡಿ, ಬಿಸಿಲು ದಿನದಿನ ಜಾಸ್ತಿ ಮಾಡುತ್ತಾ ಹೋಗಿ. ಟ್ರೇಯಲ್ಲೇ ಬಹಳ ದಿನ ಬಿಟ್ಟರೆ ಬೇರು ಸುತ್ತಿಕೊಳ್ಳುತ್ತದೆ, ನೆಲಕ್ಕೆ ಹೋದರೂ ಅದು ಹರಡಲು ಹಿಂಜರಿಯುತ್ತದೆ. ನಾಟಿ ಸಂಜೆ ಹೊತ್ತು ಮಾಡಿ. ಪೈರು ಉದ್ದವಾಗಿಬಿಟ್ಟಿದ್ದರೆ ಟೊಮ್ಯಾಟೊವನ್ನು ಕಾಂಡ ಅರ್ಧ ಮುಚ್ಚುವಷ್ಟು ಆಳಕ್ಕೆ ನೆಡಬಹುದು, ಮುಚ್ಚಿದ ಕಾಂಡದಲ್ಲೂ ಬೇರು ಒಡೆಯುತ್ತದೆ. ಕಸಿ ಮಾಡಿದ ಪೈರನ್ನು ಮಾತ್ರ ಹಾಗೆ ಮುಚ್ಚಬಾರದು, ಕಸಿಯ ಗಂಟು ಮಣ್ಣಿನ ಮೇಲೆಯೇ ಇರಲಿ. ಮೆಣಸು, ಬದನೆಯನ್ನು ಟ್ರೇಯಲ್ಲಿದ್ದಷ್ಟೇ ಆಳಕ್ಕೆ ನೆಡಿ.