ದೇವರು ಒಳ್ಳೆಯವನಾದ್ರೆ ಕೆಟ್ಟದ್ದನ್ನ ಯಾಕೆ ತಡೆಯಲ್ಲ?

ಪ್ರಶ್ನೆ: ನಿಮ್ಮ ದೇವರು ಸರ್ವಶಕ್ತ, ಪ್ರೀತಿಯೇ ಅವನ ಗುಣ ಅಂತೀರಿ. ಹಾಗಿದ್ಮೇಲೆ ನಮ್ಮೂರಲ್ಲಿ ಮಂಗನ ಕಾಯಿಲೆ ಯಾಕೆ? ಏನೂ ಅರಿಯದ ಮಕ್ಕಳು ಯಾಕೆ ನರಳಬೇಕು? ತಡೆಯೋಕೆ ಆಗಲ್ವಾ, ಇಲ್ಲ ಮನಸ್ಸಿಲ್ವಾ?

ಉತ್ತರ: ಇದನ್ನ ಕೇಳಿದ್ದಕ್ಕೆ ನಂಗೇನೂ ಬೇಜಾರಿಲ್ಲ, ಚರ್ಚಿನ ಬೆಂಚಲ್ಲಿ ಕೂತ್ಕೊಂಡೇ ಎಷ್ಟೋ ಸಲ ನಾನೂ ಕೇಳ್ಕೊಂಡಿದೀನಿ. ಕೊನೇ ಸಾಲು ಇದೆಯಲ್ಲ, ಆಗಲ್ವಾ ಮನಸ್ಸಿಲ್ವಾ ಅನ್ನೋದು, ಅದನ್ನ ಗ್ರೀಸಿನ ತತ್ವಜ್ಞಾನಿ ಎಪಿಕ್ಯೂರಸ್ ಹೆಸರಲ್ಲಿ ಬರೆದಿಟ್ಟೋನು ಲ್ಯಾಕ್ಟಾಂಶಿಯಸ್ ಅನ್ನೋ 4ನೇ ಶತಮಾನದ ಕ್ರೈಸ್ತ ಲೇಖಕ. ಅಂದ್ರೆ ನಮ್ಮ ಮೇಲಿನ ತಕರಾರನ್ನ ನಾವೇ ಜೋಪಾನ ಮಾಡಿದೀವಿ ನೋಡಿ.

ಸಾಮಾನ್ಯವಾಗಿ ಸಿಗೋ ಉತ್ತರ ಸ್ವತಂತ್ರ ಇಚ್ಛೆ. ಪ್ರೀತಿ ಮಾಡೋ ಸ್ವಾತಂತ್ರ್ಯ ಕೊಟ್ಟ ಮೇಲೆ ದ್ವೇಷ ಮಾಡೋದಕ್ಕೂ ದಾರಿ ಬಿಟ್ಟ ಹಾಗೇ ಆಯ್ತು. 1955ರಲ್ಲಿ ಮ್ಯಾಕಿ ಅನ್ನೋ ತತ್ವಜ್ಞಾನಿ ಕೇಳಿದ: ಸ್ವಂತ ಇಚ್ಛೆಯಿಂದಲೇ ಯಾವಾಗ್ಲೂ ಒಳ್ಳೇದನ್ನೇ ಆರಿಸ್ಕೊಳ್ಳೋ ಮನುಷ್ಯರನ್ನ ದೇವರು ಮಾಡಬಹುದಿತ್ತಲ್ಲ? ಅದಕ್ಕೆ ಆಲ್ವಿನ್ ಪ್ಲಾಂಟಿಂಗಾ ಅನ್ನೋ ಕ್ರೈಸ್ತ ತತ್ವಜ್ಞಾನಿ 1974ರ ಹೊತ್ತಿಗೆ ಕೊಟ್ಟ ಉತ್ತರ ಫೇಮಸ್ಸು, ಬಲವಂತ ಮಾಡಿಸಿದ್ರೆ ಅದು ಇಚ್ಛೆಯೇ ಅಲ್ಲ, ಸರ್ವಶಕ್ತನಿಗೂ ಅದು ಆಗೋ ಮಾತಲ್ಲ ಅಂತ. ಆದ್ರೆ ದೇವರು ಕೆಟ್ಟದ್ದನ್ನ ತಡೆಯದೆ ಬಿಟ್ಟಿರೋ ಕಾರಣ ಇದೇ ಅಂತ ಪ್ಲಾಂಟಿಂಗಾ ಹೇಳ್ಲಿಲ್ಲ. ದೇವರೂ ಇದಾನೆ, ಕೆಟ್ಟದ್ದೂ ಇದೆ ಅನ್ನೋದ್ರಲ್ಲಿ ತರ್ಕದ ಎಡವಟ್ಟು ಇಲ್ಲ ಅಂದ ಅಷ್ಟೆ. ನಮ್ಮೋರು ಎಷ್ಟೋ ಜನ ಈ ವ್ಯತ್ಯಾಸ ಮರೆತು, ಸಾವಿನ ಮನೇಲೂ ಅದನ್ನೇ ಕಾರಣ ಅಂತ ಹೇಳ್ಬಿಡ್ತಾರೆ.

ಇನ್ನೊಂದು ಹಳೇ ಉತ್ತರ ಪುರಾತನ ಕ್ರೈಸ್ತ ಗುರು ಅಗಸ್ಟೀನ್ ಅವರದ್ದು. ಕೆಟ್ಟದ್ದು ಅನ್ನೋದು ದೇವರು ಸೃಷ್ಟಿ ಮಾಡಿದ ಒಂದು ವಸ್ತು ಅಲ್ಲ, ಒಳ್ಳೇದರಲ್ಲಿ ಆಗೋ ಕೊರತೆ. ಅಡಿಕೆ ತೋಟ ಇರೋರಿಗೆ ಹೇಳೋದಾದ್ರೆ, ಕೊಳೆಯೋದಕ್ಕೆ ಮೊದಲು ಒಂದು ಒಳ್ಳೇ ಕಾಯಿ ಇರಬೇಕು. (ಕೊಳೆ ರೋಗಕ್ಕೂ ಒಂದು ಜೀವಿ ಕಾರಣ, ಅದನ್ನ ಮಾಡಿದ್ಯಾರು ಅಂತ ನಮ್ಮ ಅಣ್ಣ ಕೇಳಿದ್ದ, ನಂಗೆ ಬಾಯಿ ಬರ್ಲಿಲ್ಲ.) ಮಾತೇನೋ ಚೆನ್ನಾಗಿದೆ, ಆದ್ರೆ ಜ್ವರದಲ್ಲಿ ಬೇಯ್ತಿರೋ ಮಗುವಿನ ಅಮ್ಮನ ಮುಂದೆ ಕೂತ್ಕೊಂಡು ಇದು ಬರೀ ಕೊರತೆ ಅಂತ ಹೇಳೋಕೆ ಆಗತ್ತಾ?

ಮಂಗನ ಕಾಯಿಲೆಗೆ ಬರೋಣ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಾ ಬಿದ್ದಾಗ ಗೊತ್ತಾಗಿದ್ದು, ಉಣುಗು ಕಚ್ಚಿ ಮನುಷ್ಯರಿಗೆ ಬರತ್ತೆ, ಸೊಪ್ಪು ತರಗೆಲೆಗೆ ಅಂತ ಕಾಡಿಗೆ ಹೋಗೋರಿಗೇ ಜಾಸ್ತಿ. ಕಾಡು ಕಡಿದಿದ್ದು, ದನ ನುಗ್ಗಿಸಿದ್ದು ಉಣುಗು ಹೆಚ್ಚೋಕೆ ಕಾರಣ ಅಂತ ವಿಜ್ಞಾನಿಗಳ ವಿವರಣೆ ಇದೆ, ಹಾಗಾಗಿ ಸ್ವಲ್ಪ ನಮ್ಮ ಕೈಕೆಲಸವೂ ಇದೆ ಅನ್ನಿ. ಆದ್ರೆ ಕಡಿದೋರು ಒಬ್ಬರು, ಕಚ್ಚಿಸ್ಕೊಂಡೋರು ಇನ್ನೊಬ್ಬರು. ಸ್ವತಂತ್ರ ಇಚ್ಛೆಯ ಲೆಕ್ಕ ಅಲ್ಲಿಗೇ ಸೋರಿ ಹೋಗತ್ತೆ.

ಕೆಲವು ವರ್ಷದ ಹಿಂದೆ ಸಾಗರದ ಕಡೆ ನಮ್ಮ ಚರ್ಚಿನವರೇ ಒಬ್ಬರ ಮನೆಗೆ ಹೋಗಿದ್ದೆ. ಮಗ ಜ್ವರ ಅಂತ ಆಸ್ಪತ್ರೆಗೆ ಹೋದೋನು ವಾಪಸ್ ಬಂದಿರಲಿಲ್ಲ, ಮಣ್ಣಾಗಿ ಮೂರು ದಿನ. ಏನು ಹೇಳ್ಬೇಕು ಅಂತ ಗೊತ್ತಾಗದೆ ನಾನು "ದೇವರ ಚಿತ್ತ ಅಮ್ಮ" ಅಂದ್ಬಿಟ್ಟೆ. ಅವರು ಕಾಫಿ ಲೋಟ ಹಿಡ್ಕೊಂಡಿದ್ರು, ಕುಡೀತಿರಲಿಲ್ಲ, ಮೇಲೆ ಕೆನೆ ಕಟ್ಟಿತ್ತು. "ಅವನ ಚಿತ್ತಕ್ಕೆ ನನ್ನ ಮಗನೇ ಬೇಕಿತ್ತಾ ಮಾರಾಯ್ರೆ?" ಅಂದ್ರು. ಅಷ್ಟೆ. ಇವತ್ತಿಗೂ ಆ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ.

ಆಮೇಲೆ ಬೈಬಲ್ಲಿನ ಯೋಬನ ಕಥೆ ಮತ್ತೆ ಓದಿದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಹೋಗಿ ಬೂದಿಯಲ್ಲಿ ಕೂತಿರ್ತಾನೆ, ಎಲೀಫಜ, ಬಿಲ್ದದ, ಚೋಫರ ಅಂತ ಮೂರು ಸ್ನೇಹಿತರು ಬರ್ತಾರೆ. ಮೊದಲು ಏಳು ದಿನ ಏಳು ರಾತ್ರಿ ಒಂದೂ ಮಾತಾಡದೆ ನೆಲದ ಮೇಲೆ ಜೊತೆಗೆ ಕೂತ್ಕೊಳ್ತಾರೆ, ಅಲ್ಲಿಗೇ ಎದ್ದು ಹೋಗಿದ್ರೆ ಚೆನ್ನಾಗಿತ್ತು. ಬಾಯಿ ಬಿಟ್ರು ನೋಡಿ, ನೀನು ಏನೋ ಪಾಪ ಮಾಡಿರ್ತೀಯ ಅಂತ ಶುರು. ನಮ್ಮ ಕಡೆ ಹಣೆಬರಹ, ಯಾವ ಜನ್ಮದ ಕರ್ಮವೋ ಅಂತಾರಲ್ಲ, ಅದರದ್ದೇ ಇನ್ನೊಂದು ರೂಪ. ಯೋಬ ಒಪ್ಪಲ್ಲ, ನೇರ ದೇವರ ಹತ್ರನೇ ಜಗಳ ಆಡ್ತಾನೆ. ಕೊನೇಲಿ ದೇವರು ಬೈದಿದ್ದು ಯಾರಿಗೆ ಹೇಳಿ? ದೇವರ ಪರ ವಕೀಲಿ ಮಾಡಿದ ಆ ಮೂವರಿಗೆ. ಯೋಬನಿಗೂ ಕಾರಣ ಏನಂತ ಕೊನೇವರೆಗೂ ತಿಳಿಸಲ್ಲ, ಅದು ನಂಗೆ ಈಗ್ಲೂ ಕಷ್ಟದ ಜಾಗ.

ನರಳೋರು ಪಾಪ ಮಾಡಿರ್ತಾರೆ ಅನ್ನೋ ಮಾತನ್ನ ಯೇಸುವೂ ಒಪ್ಪಲಿಲ್ಲ. ಹುಟ್ಟು ಕುರುಡನ್ನ ನೋಡಿ ಶಿಷ್ಯರು, ಪಾಪ ಇವನದಾ ಅಪ್ಪ ಅಮ್ಮಂದಾ ಅಂತ ಕೇಳಿದ್ರೆ ಯಾರದೂ ಅಲ್ಲ ಅಂದ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ್ಲೂ, ಅವರೇನು ಬೇರೆಯವರಿಗಿಂತ ಹೆಚ್ಚಿನ ಪಾಪಿಗಳು ಅಂದ್ಕೊಂಡ್ರಾ ಅಂತ ತಿರುಗಿ ಕೇಳಿದ. ಸ್ನೇಹಿತ ಲಾಜರ ಸತ್ತಾಗ, ಇನ್ನೇನು ಎಬ್ಬಿಸ್ತೀನಿ ಅಂತ ಗೊತ್ತಿದ್ರೂ ಅತ್ತ. ಶಿಲುಬೆ ಮೇಲೆ, ನನ್ನ ದೇವರೇ ಯಾಕೆ ಕೈಬಿಟ್ಟೆ ಅಂತ ಕೂಗಿದ್ದೂ ಅವನೇ. ನೀವು ಕೇಳಿದ "ಯಾಕೆ" ಅವನ ಬಾಯಲ್ಲೂ ಬಂತು. ಕ್ರೈಸ್ತರು ಕೊಡೋ ಉತ್ತರದ ತಿರುಳು ಇಲ್ಲಿದೆ ಅಂತ ನಾನು ನಂಬ್ತೀನಿ: ದೇವರು ದೂರ ನಿಂತು ಅನುಮತಿ ಕೊಡ್ತಾ ಇಲ್ಲ, ಒಳಗೇ ಬಂದು ಅನುಭವಿಸಿದಾನೆ, ಪುನರುತ್ಥಾನ, ಅಂದ್ರೆ ಸತ್ತೋರು ಮತ್ತೆ ಎದ್ದು ಬರೋದು, ಇರೋದ್ರಿಂದ ಸಾವಿನ ಮಾತೇ ಕೊನೇ ಮಾತಲ್ಲ. ಇದು ನಂಬಿಕೆ, ಗಣಿತ ಅಲ್ಲ, ನಿಮಗೆ ಒಪ್ಪಿಗೆ ಆಗದೆ ಇರಬಹುದು.

ಹಾಗಾದ್ರೆ ಸುಮ್ಮನೆ ಕೂರೋದಾ ಅಂತ ಕೇಳಬೇಡಿ, ಯೇಸು ಆ ಕುರುಡನಿಗೆ ಕಾರಣ ಹೇಳಿ ಬಿಟ್ಟುಹೋಗ್ಲಿಲ್ಲ, ಕಣ್ಣು ಕೊಟ್ಟ. ನಮಗೆ ಅಷ್ಟೆಲ್ಲ ಆಗಲ್ಲ, ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಉಣುಗು ಹತ್ತದಿರೋ ಎಣ್ಣೆ ಹಚ್ಕೊಳ್ಳಿ, ಮಂಗ ಸತ್ತಿದ್ರೆ ಪಂಚಾಯ್ತಿಗೆ ಹೇಳಿ ಅನ್ನೋದಾದ್ರೂ ಆಗತ್ತಲ್ಲ.

ಅವತ್ತು ಆ ಮನೆ ಅಂಗಳದಲ್ಲಿ ಕೊಯ್ದ ಹಸಿ ಅಡಿಕೆ ರಾಶಿ ಹಾಗೇ ಬಿದ್ದಿತ್ತು. ಸುಲಿಯದಿದ್ರೆ ಹಾಳು. ನಾನು ವಾಪಸ್ ಹೊರಡೋ ಹೊತ್ತಿಗೆ ಅಕ್ಕಪಕ್ಕದ ಮನೆ ಹೆಂಗಸರು ಏಳೆಂಟು ಜನ ಮೆಟ್ಟುಗತ್ತಿ ತಗೊಂಡು ಬಂದು ಕೂತ್ರು, ಬೇರೆ ಬೇರೆ ಜಾತಿಯವರು, ಪ್ರಾರ್ಥನೆಗೀರ್ಥನೆ ಏನಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಅಮ್ಮನೂ ಲೋಟ ಕೆಳಗಿಟ್ಟು ಎದ್ದು ಹೋಗಿ ಅವರ ಮಧ್ಯೆ ಕೂತ್ಕೊಂಡ್ರು.