ಸ್ಟಾಪ್‌ವಾಚಿಗೆ ವಿ.ಸಿ. ಫಾರಂ ಬುದ್ಧಿ

ಒಂದು ಕಾರು, ಇಬ್ಬರು ಚಾಲಕರು. ಬೆಳಿಗ್ಗೆ ಓಡಿಸಿದ ಹುಡುಗನ ಅತಿ ವೇಗದ ಲ್ಯಾಪ್, ಅಂದರೆ ಟ್ರ್ಯಾಕಿನ ಒಂದು ಸುತ್ತು, 62.9 ಸೆಕೆಂಡ್. ಮಧ್ಯಾಹ್ನ ಓಡಿಸಿದ ಹುಡುಗಿಯದು 62.4. ಸೀಟು ಯಾರಿಗೆ? ಹುಡುಗಿಗೆ ಅಂತ ತಕ್ಷಣ ಹೇಳುತ್ತೀರಿ. ಅವಳೇ ಒಳ್ಳೆಯ ಚಾಲಕಿ ಇರಬಹುದು ಕೂಡ. ಆದರೆ ಈ ಎರಡು ಅಂಕಿಗಳಿಂದ ಅದು ಗೊತ್ತಾಗುವುದಿಲ್ಲ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಡಾಂಬರು ಬದಲಾಗಿದೆ, ಟೈರು ಬದಲಾಗಿದೆ, ಟ್ಯಾಂಕಿನಲ್ಲಿರುವ ಪೆಟ್ರೋಲ್ ಬದಲಾಗಿದೆ. ಗಡಿಯಾರ ಇವನ್ನೆಲ್ಲ ಕೂಡಿಸಿ ಒಂದೇ ಅಂಕಿ ಕೊಡುತ್ತದೆ. ಅದರಲ್ಲಿ ಚಾಲಕರ ಪಾಲೆಷ್ಟು ಅಂತ ಹೇಳುವುದು ಅದರ ಕೆಲಸವಲ್ಲ.

ಮೈಸೂರಿನದೋ ಮಂಡ್ಯದ್ದೋ ಒಂದು ಎಂಜಿನಿಯರಿಂಗ್ ಕಾಲೇಜಿನ ರೇಸಿಂಗ್ ತಂಡ ಅಂತ ಇಟ್ಟುಕೊಳ್ಳಿ. ವಿದ್ಯಾರ್ಥಿಗಳೇ ಕಟ್ಟಿದ ಕಾರುಗಳ ‘ಫಾರ್ಮುಲಾ ಸ್ಟೂಡೆಂಟ್’ ಸ್ಪರ್ಧೆಯ ಮಾದರಿಯ, ಒಬ್ಬರೇ ಕೂರುವ ಪುಟ್ಟ ಕಾರು. ಚಾಸಿಸ್ ವಿದ್ಯಾರ್ಥಿಗಳೇ ಬೆಸುಗೆ ಹಾಕಿದ್ದು. ಎಂಜಿನ್ ಮಾತ್ರ ಕೆಟಿಎಂ 390 ಬೈಕಿನದು, 373 ಸಿಸಿ. ಗುರಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆ. ಅದಕ್ಕೂ ಮುಂಚೆ ಟೆಸ್ಟಿಂಗ್ ಆಗಬೇಕು, ಚಾಲಕರು ಯಾರು ಅಂತಲೂ ತೀರ್ಮಾನವಾಗಬೇಕು. ನಮ್ಮ ಕಡೆ ರೇಸ್ ಟ್ರ್ಯಾಕ್ ಇಲ್ಲ. ಯಾರನ್ನೋ ಕೇಳಿಕೊಂಡು ಪಡೆದ ಡಾಂಬರು ಮೈದಾನ, ಕಿತ್ತಳೆ ಬಣ್ಣದ ಕೋನ್‌ಗಳು, ಒಂದು ಭಾನುವಾರ. ಸಿಗುವುದು ಇಷ್ಟೇ.

ಆ ಭಾನುವಾರ ಏನೇನಾಗುತ್ತದೆ ನೋಡಿ. ಬೆಳಿಗ್ಗೆ ಡಾಂಬರು ತಣ್ಣಗಿರುತ್ತದೆ, ಮೇಲೆ ಧೂಳೂ ಇರುತ್ತದೆ. ಕಾರು ಓಡಿದಂತೆ ಧೂಳು ಸರಿದು, ಟೈರಿನ ರಬ್ಬರ್ ತೆಳ್ಳಗೆ ನೆಲಕ್ಕೆ ಮೆತ್ತಿಕೊಳ್ಳುತ್ತದೆ. ರಬ್ಬರ್ ಮೇಲೆ ರಬ್ಬರಿಗೆ ಹಿಡಿತ ಜಾಸ್ತಿ. ಹಾಗಾಗಿ ಆಮೇಲೆ ಓಡಿಸಿದವರಿಗೆ ಲಾಭ. ಇನ್ನೊಂದು ಕಡೆ ಅದೇ ಟೈರು ಕಾದು, ಆರಿ, ಮತ್ತೆ ಕಾದು ಸತ್ವ ಕಳೆದುಕೊಳ್ಳುತ್ತದೆ. ಇದು ಆಮೇಲೆ ಓಡಿಸಿದವರಿಗೆ ನಷ್ಟ. ಗಾಳಿಯ ಒತ್ತಡವೂ ನಿಂತಲ್ಲಿ ನಿಲ್ಲುವುದಿಲ್ಲ. 25 ಡಿಗ್ರಿಯಲ್ಲಿ 20 ಪಿಎಸ್‌ಐ ತುಂಬಿಸಿದ ಟೈರು 70 ಡಿಗ್ರಿಗೆ ಕಾದರೆ ಒತ್ತಡ ಸುಮಾರು 25 ಪಿಎಸ್‌ಐ ಆಗುತ್ತದೆ. ಪಿಯುಸಿಯಲ್ಲಿ ಓದಿದ ಅನಿಲ ನಿಯಮವೇ ಇದು. ಒತ್ತಡ ಹೆಚ್ಚಾದರೆ ನೆಲಕ್ಕೆ ತಾಗುವ ರಬ್ಬರಿನ ಆಕಾರ ಬದಲಾಗುತ್ತದೆ, ಹಿಡಿತವೂ ಬದಲಾಗುತ್ತದೆ. ಯಾವುದು ಎಷ್ಟು ಲಾಭ, ಯಾವುದು ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ಕಳೆಯೋಣ ಅಂದರೆ ಚಿಕ್ಕ ತಂಡದ ಹತ್ತಿರ ಅಷ್ಟು ಉಪಕರಣ ಇರುವುದಿಲ್ಲ.

ದುಡ್ಡಿರುವವರಿಗೂ ಇದು ತಲೆನೋವೇ. ಫಾರ್ಮುಲಾ ಒನ್‌ನಲ್ಲಿ 10 ಕೆಜಿ ಇಂಧನ ಜಾಸ್ತಿ ಇದ್ದರೆ ಲ್ಯಾಪಿಗೆ ಸುಮಾರು 0.3 ಸೆಕೆಂಡ್ ನಿಧಾನ ಅನ್ನುವುದು ರೂಢಿಯ ಲೆಕ್ಕ. ಎದುರಾಳಿಯ ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಹೊರಗಿನವರಿಗೆ ಕಾಣಿಸುವುದಿಲ್ಲ. ಹಾಗಾಗಿ ಋತುವಿಗೆ ಮುಂಚಿನ ಟೆಸ್ಟಿಂಗ್ ಅಂಕಿಗಳು ಜಾಣರನ್ನೂ ಮರುಳು ಮಾಡುತ್ತವೆ. 2001ರ ಚಳಿಗಾಲದಲ್ಲಿ ಪ್ರಾಸ್ಟ್ ತಂಡದ ಕಾರು ಟೆಸ್ಟಿಂಗ್‌ನಲ್ಲಿ ಭರ್ಜರಿ ವೇಗ ತೋರಿಸಿತು. ಇಡೀ ವರ್ಷ ಸಿಕ್ಕಿದ್ದು 4 ಅಂಕ. ಮುಂದಿನ ವರ್ಷಕ್ಕೆ ತಂಡವೇ ಉಳಿಯಲಿಲ್ಲ. 2009ರಲ್ಲಿ ಇದರ ಉಲ್ಟಾ ನಡೆಯಿತು. ಹೋಂಡಾ ಕೈಬಿಟ್ಟ ತಂಡವನ್ನು ಅದರ ಮುಖ್ಯಸ್ಥ ರಾಸ್ ಬ್ರಾನ್ ಉಳಿಸಿಕೊಂಡರು. ಪ್ರಾಯೋಜಕರೇ ಇಲ್ಲದ ಬಿಳಿ ಕಾರು ಮಾರ್ಚ್‌ನಲ್ಲಿ ಟ್ರ್ಯಾಕಿಗೆ ಇಳಿದು ಎಲ್ಲರಿಗಿಂತ ವೇಗವಾಗಿ ಓಡಿತು. ಪ್ರಾಯೋಜಕರನ್ನು ಹಿಡಿಯಲು ಹಗುರ ಮಾಡಿ ಓಡಿಸುತ್ತಿದ್ದಾರೆ ಅಂತ ಗುಸುಗುಸು ಎದ್ದಿತು. ಆ ವರ್ಷದ ಚಾಂಪಿಯನ್ ಅದೇ ಕಾರು ಓಡಿಸಿದ ಜೆನ್ಸನ್ ಬಟನ್.

ಈ ಗೋಜಲಿಗೆ ಮದ್ದು ರೇಸಿಂಗ್‌ನವರಿಗಿಂತ ಮುಂಚೆ ಕೃಷಿ ವಿಜ್ಞಾನಿಗಳಿಗೆ ಸಿಕ್ಕಿತ್ತು. ಮದ್ದು ನೋಡಲು ಮಂಡ್ಯ ದಾಟಿ ಹೋಗಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳ ಪರೀಕ್ಷೆ ದಶಕಗಳಿಂದ ನಡೆಯುತ್ತಿದೆ. ಕೆಆರ್‌ಎಚ್-2 ಹೈಬ್ರಿಡ್ ಭತ್ತ ಅಲ್ಲಿಂದಲೇ ಬಂದದ್ದು. ಎರಡು ತಳಿಗಳಲ್ಲಿ ಯಾವುದು ಮೇಲು ಅಂತ ನೋಡಬೇಕು ಅನ್ನಿ. ನಾಲೆಯ ಕಡೆಯ ಗದ್ದೆಗೆ ಒಂದನ್ನು, ದೂರದ ಗದ್ದೆಗೆ ಇನ್ನೊಂದನ್ನು ನೆಟ್ಟರೆ ಕೊನೆಗೆ ತೂಗಿದ್ದು ತಳಿಯನ್ನೋ ನೀರನ್ನೋ ಗೊತ್ತಾಗುವುದಿಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಇದಕ್ಕೊಂದು ದಾರಿ ಮಾಡಿದರು. ಜಮೀನನ್ನು ಬ್ಲಾಕ್‌ಗಳಾಗಿ ಮಾಡಿ. ಒಂದು ಬ್ಲಾಕಿನೊಳಗೆ ಮಣ್ಣು, ನೀರು ಹೆಚ್ಚುಕಮ್ಮಿ ಒಂದೇ ಥರ ಇರಲಿ. ಪ್ರತಿ ಬ್ಲಾಕಿನಲ್ಲೂ ಎಲ್ಲ ತಳಿಗಳನ್ನೂ ನೆಡಿ. ಯಾವ ಮಡಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಇಂಥ ಬ್ಲಾಕ್ ಹಲವು ಮಾಡಿ. ಆಗ ಮಣ್ಣಿನ ಗುಣವನ್ನು ತಳಿಯ ಗುಣದಿಂದ ಬೇರೆ ಮಾಡಬಹುದು.

ಟ್ರ್ಯಾಕಿನಲ್ಲಿ ಬದಲಾಗುವ ಜಮೀನು ಅಂದರೆ ಹೊತ್ತು. ಹಾಗಾಗಿ ಹುಡುಗನಿಗೆ ಬೆಳಿಗ್ಗೆ, ಹುಡುಗಿಗೆ ಮಧ್ಯಾಹ್ನ ಅಂತ ಹಂಚಲೇಬಾರದು. ಹುಡುಗ, ಹುಡುಗಿ, ಹುಡುಗಿ, ಹುಡುಗ. ಈ ಕ್ರಮದಲ್ಲಿ ನಾಲ್ಕು ಸರದಿ ಓಡಿಸಬೇಕು. ಯಾಕೆ ಹೀಗೆ? ಟ್ರ್ಯಾಕ್ ಸುಧಾರಿಸುತ್ತಾ ಒಂದೊಂದು ಸರದಿಗೂ 0.2 ಸೆಕೆಂಡ್ ಉಳಿಯುತ್ತಿದೆ ಅನ್ನಿ. ಮೊದಲ ಸರದಿಗೆ ಹೋಲಿಸಿದರೆ ನಾಲ್ಕಕ್ಕೂ ಸಿಗುವ ಲಾಭ 0, 0.2, 0.4, 0.6. ಹುಡುಗನಿಗೆ ಸೊನ್ನೆಯೂ 0.6 ಕೂಡ ಬಂತು, ಸರಾಸರಿ 0.3. ಹುಡುಗಿಗೆ 0.2 ಮತ್ತು 0.4, ಅವಳ ಸರಾಸರಿಯೂ 0.3. ಟ್ರ್ಯಾಕಿನ ಲಾಭ ಇಬ್ಬರಿಗೂ ಸಮನಾಗಿ ಹಂಚಿಹೋಯಿತು. ಉಳಿದ ವ್ಯತ್ಯಾಸದಲ್ಲಿ ಚಾಲಕರ ಪಾಲು ಕಾಣಿಸುತ್ತದೆ. ಒಂದು ಕಂಪ್ಯೂಟರೂ ಬೇಡ, ರೂಪಾಯಿ ಖರ್ಚೂ ಇಲ್ಲ. ಆದರೂ ಎಷ್ಟೋ ತಂಡಗಳು ಇದನ್ನು ಮಾಡುವುದಿಲ್ಲ. ಸೀಟು ಬದಲಿಸಿ ಬೆಲ್ಟ್ ಬಿಗಿಯಲು ಹೊತ್ತು ಹೋಗುತ್ತದೆ ಅನ್ನುವುದು ಅವರ ಕಾರಣ. ನನಗೆ ಇದು ಸೋಮಾರಿತನ ಅಂತಲೇ ಅನ್ನಿಸುತ್ತದೆ. ಒಂದು ತಕರಾರು ಮಾತ್ರ ನಿಜವಾದದ್ದು: ಹೊಸ ಚಾಲಕರು ಅದೇ ದಿನ ಕಲಿಯುತ್ತಲೂ ಇರುತ್ತಾರೆ, ಮತ್ತು ಇಬ್ಬರೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಅದನ್ನು ಈ ಕ್ರಮ ಕಳೆಯಲಾರದು. ಆದ್ದರಿಂದ ಹೋಲಿಕೆಗೆ ಮುಂಚೆ ಇಬ್ಬರಿಗೂ ಒಂದಷ್ಟು ಲ್ಯಾಪ್ ಸುಮ್ನೆ ಓಡಿಸಲು ಬಿಡಬೇಕು.

ಇನ್ನೊಂದು ಮೋಸ ‘ಅತಿ ವೇಗದ ಲ್ಯಾಪ್’ ಅನ್ನುವ ಮಾತಿನಲ್ಲೇ ಇದೆ. ಹುಡುಗ 5 ಲ್ಯಾಪ್ ಓಡಿಸಿದ, ಹುಡುಗಿ 20 ಅನ್ನಿ. ಇಬ್ಬರ ಕೌಶಲವೂ ತೂಗಿದ ಹಾಗೆ ಒಂದೇ. ಲ್ಯಾಪ್‌ನಿಂದ ಲ್ಯಾಪಿಗೆ ಅರ್ಧ ಸೆಕೆಂಡಿನಷ್ಟು ಏರಿಳಿತ, ಅಂದರೆ ಪ್ರಮಾಣ ವಿಚಲನೆ 0.5 ಸೆಕೆಂಡ್. ಆಗ ಐದು ಲ್ಯಾಪಿನಲ್ಲಿ ಅತಿ ಒಳ್ಳೆಯದು ಸರಾಸರಿಗಿಂತ ಸುಮಾರು 0.58 ಸೆಕೆಂಡ್ ಕಮ್ಮಿ ಇರುತ್ತದೆ. ಇಪ್ಪತ್ತರಲ್ಲಿ ಅತಿ ಒಳ್ಳೆಯದು ಸುಮಾರು 0.93 ಸೆಕೆಂಡ್ ಕಮ್ಮಿ. ಬರೀ ಜಾಸ್ತಿ ಲ್ಯಾಪ್ ಸಿಕ್ಕಿದ್ದಕ್ಕೇ 0.35 ಸೆಕೆಂಡ್ ಲಾಭ! ಮೊದಲಿಗೆ ಹೇಳಿದ 62.9, 62.4ರ ನಡುವಿನ ಅರ್ಧ ಸೆಕೆಂಡಿನ ವ್ಯತ್ಯಾಸದಲ್ಲಿ ಸುಮಾರು ಶೇ 70 ಪಾಲು ಇಷ್ಟರಿಂದಲೇ ಬಂದಿರಬಹುದು. ಲ್ಯಾಪ್‌ಗಳನ್ನು ವೇಗದ ಪ್ರಕಾರ ಸಾಲಾಗಿ ಜೋಡಿಸಿ ನಡುವಿನದನ್ನು ನೋಡುವುದು ವಾಸಿ.

ಭತ್ತದವರು ಮತ್ತೊಂದು ಎಚ್ಚರಿಕೆ ವಹಿಸುತ್ತಾರೆ. ಒಂದೇ ಊರಿನ ಫಲಿತಾಂಶವನ್ನು ನೆಚ್ಚಿಕೊಳ್ಳುವುದಿಲ್ಲ. ಬೇರೆ ಬೇರೆ ಕಡೆ ಬೆಳೆದು ನೋಡುತ್ತಾರೆ. ರೇಸಿಂಗ್‌ಗೂ ಇದು ಬೇಕು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ಶೇ 9 ಕಮ್ಮಿ. ದಿಂಬಂ ಘಾಟಿಯ 27 ತಿರುವು ಇಳಿದು ಕೊಯಮತ್ತೂರಿಗೆ ಹೋದರೆ ಎತ್ತರ ಸುಮಾರು 400 ಮೀಟರ್‌ಗೆ ಬರುತ್ತದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಂತೂ ಸಮುದ್ರ ಮಟ್ಟಕ್ಕೆ ಬಹಳ ಹತ್ತಿರ. ಕೆಳಗೆ ಇಳಿದಂತೆ ಎಂಜಿನ್ ಒಂದೊಂದು ಉಸಿರಿಗೂ ಹೆಚ್ಚು ಗಾಳಿ ಎಳೆಯುತ್ತದೆ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಸೆನ್ಸರ್ ಇದನ್ನು ಅಳೆದು ಪೆಟ್ರೋಲ್ ಹೊಂದಿಸುತ್ತದೆ. ಕಾರ್ಬ್ಯುರೇಟರ್ ಹಾಗಲ್ಲ. ಮೈಸೂರಿನ ಗಾಳಿಗೆ ಕೂರಿಸಿದ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಚೆನ್ನೈನಲ್ಲಿ ಸಾಲದು. ಮಿಶ್ರಣ ‘ಲೀನ್’ ಆಗಿ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಇಲ್ಲದೆ, ಎಂಜಿನ್ ವಿಪರೀತ ಕಾದು, ಕೊನೆಗೆ ಪಿಸ್ಟನ್ ಸೀಜ್. ಇದನ್ನು ಮೈಸೂರಿನ ಹಳೇ ಮೆಕ್ಯಾನಿಕ್‌ಗಳಿಗೆ ಬಿಡಿಸಿ ಹೇಳಬೇಕಿಲ್ಲ. ಯೆಜ್ಡಿ ಬೈಕು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಯೆಜ್ಡಿಗೆ ಜೆಟ್ ಬದಲಿಸುವ ಕೈಗಳು ಊರಿನಲ್ಲಿ ಇನ್ನೂ ಇವೆ.

ಸರಿ, ಗಡಿಯಾರ ಇಷ್ಟು ಗೋಳು ಕೊಡುವುದಾದರೆ ಚಾಲಕರನ್ನು ಅಳೆಯಲು ಬೇರೆ ದಾರಿ ಇದೆಯೇ? ಇದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗವೂ ಅದೇ.

ಮೊದಲು ಟೈರಿನ ಮಿತಿ ಎಷ್ಟು ಅಂತ ಗೊತ್ತಾಗಬೇಕು. ಫಾರ್ಮುಲಾ ಸ್ಟೂಡೆಂಟ್‌ನಲ್ಲಿ ‘ಸ್ಕಿಡ್‌ಪ್ಯಾಡ್’ ಅಂತ ಒಂದು ಸ್ಪರ್ಧೆ ಇದೆ. ಇಂಗ್ಲಿಷಿನ 8ರ ಆಕಾರದ ದಾರಿ. ಒಳವೃತ್ತದ ವ್ಯಾಸ 15.25 ಮೀಟರ್, ದಾರಿಯ ಅಗಲ 3 ಮೀಟರ್. ದಾರಿಯ ನಡುವೆ ಹೋದರೆ ತ್ರಿಜ್ಯ ಸುಮಾರು 9.1 ಮೀಟರ್. ಒಂದು ಸುತ್ತು 6 ಸೆಕೆಂಡಿನಲ್ಲಿ ಮುಗಿಸಿದರೆ ವೇಗ ಗಂಟೆಗೆ 34 ಕಿಮೀ. ನಮ್ಮ ಸ್ಕೂಟರ್ ವೇಗ, ಅಲ್ವಾ? ಆದರೆ ಕಾರನ್ನು ಪಕ್ಕಕ್ಕೆ ಎಳೆಯುವ ಬಲ ಅದರ ತೂಕದಷ್ಟೇ ಆಗಿರುತ್ತದೆ, ಅಂದರೆ 1 ಜಿ. ಅದೇ ಸುತ್ತು 5 ಸೆಕೆಂಡಿನಲ್ಲಾದರೆ ಸುಮಾರು 1.5 ಜಿ. ಒಂದು ಸೆಕೆಂಡ್ ಉಳಿಸಲು ಅರ್ಧದಷ್ಟು ಹೆಚ್ಚು ಹಿಡಿತ ಬೇಕು.

ಈ ಹಿಡಿತವನ್ನು ಬ್ರೇಕಿಗೂ ತಿರುವಿಗೂ ಹಂಚಿಕೊಳ್ಳಬೇಕು. ಹಂಚಿಕೆಯ ಲೆಕ್ಕ ಮಾತ್ರ ಕೂಡಿಸುವುದಲ್ಲ, ಪೈಥಾಗೊರಸ್‌ನದು. ಶೇ 80 ಹಿಡಿತ ಬ್ರೇಕಿಗೆ ಹೋದರೆ ತಿರುವಿಗೆ ಉಳಿಯುವುದು 20 ಅಲ್ಲ, 60! ಎಂಬತ್ತರ ವರ್ಗಕ್ಕೆ ಅರವತ್ತರ ವರ್ಗ ಸೇರಿಸಿ ನೋಡಿ, ನೂರರ ವರ್ಗ ಬರುತ್ತದೆ. ಅಂದರೆ ಬ್ರೇಕನ್ನು ಮೆಲ್ಲಗೆ ಬಿಡುತ್ತಾ ಸ್ಟಿಯರಿಂಗ್ ತಿರುಗಿಸುವವರಿಗೆ ಟೈರು ಧಾರಾಳಿ. ಹೊಸಬರು ಹೀಗೆ ಮಾಡುವುದಿಲ್ಲ. ನೇರ ದಾರಿಯಲ್ಲೇ ಬ್ರೇಕ್ ಪೂರ್ತಿ ಮುಗಿಸಿ, ಕಾಲು ತೆಗೆದು, ಆಮೇಲೆ ತಿರುಗಿಸುತ್ತಾರೆ. ನಡುವಿನ ಆ ಗಳಿಗೆಯಲ್ಲಿ ಟೈರಿಗೆ ಕೆಲಸವೇ ಇರುವುದಿಲ್ಲ.

ಕಾರಿನ ಮೇಲಿನ ಬಲಗಳನ್ನು ದಾಖಲಿಸುವ ಒಂದು ಪುಟ್ಟ ಡೇಟಾ ಲಾಗರ್ ಇದ್ದರೆ ಇದು ಕಣ್ಣಿಗೇ ಕಾಣುತ್ತದೆ. ಹಿಂದೆ-ಮುಂದಿನ ಬಲವನ್ನು ಒಂದು ಅಕ್ಷದಲ್ಲಿ, ಪಕ್ಕದ ಬಲವನ್ನು ಇನ್ನೊಂದರಲ್ಲಿ ಇಟ್ಟು ಲ್ಯಾಪಿನ ಪ್ರತಿ ಕ್ಷಣಕ್ಕೂ ಒಂದು ಚುಕ್ಕಿ ಹಾಕಿ. ಹೊಸಬರ ಚುಕ್ಕಿಗಳು ಕೂಡಿಸುವ ಚಿಹ್ನೆಯ ಹಾಗೆ ಬೀಳುತ್ತವೆ. ಪಳಗಿದವರ ಚುಕ್ಕಿಗಳು ಮೂಲೆಗಳನ್ನೂ ತುಂಬಿಕೊಂಡು ದುಂಡಗೆ ಹರಡುತ್ತವೆ. ಅಂಚಿನ ಹಿಡಿತ ದಿನದಿಂದ ದಿನಕ್ಕೆ ಬದಲಾಗಬಹುದು. ಆಕಾರ ಅಷ್ಟು ಬೇಗ ಬದಲಾಗುವುದಿಲ್ಲ. ಅದು ಚಾಲಕರದ್ದು.

ಜನ ಮಾತ್ರ ಚಾಲಕರ ‘ರಿಫ್ಲೆಕ್ಸ್’ ಬಗ್ಗೆಯೇ ಮಾತಾಡುತ್ತಾರೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ವಿಜ್ಞಾನಿಗಳಾದ ಮೈಕೆಲ್ ಲ್ಯಾಂಡ್ ಮತ್ತು ಬೆಂಜಮಿನ್ ಟ್ಯಾಟ್ಲರ್ ಒಬ್ಬ ರೇಸ್ ಚಾಲಕರ ಕಣ್ಣು, ತಲೆಗಳ ಚಲನೆಯನ್ನು ಟ್ರ್ಯಾಕಿನಲ್ಲೇ ದಾಖಲಿಸಿದರು. ಕಾರು ತಿರುಗುವುದಕ್ಕೆ ಸುಮಾರು ಒಂದು ಸೆಕೆಂಡ್ ಮುಂಚೆಯೇ ತಲೆ ಆ ಕಡೆ ತಿರುಗಿರುತ್ತಿತ್ತು. ಆದದ್ದಕ್ಕೆ ಬೇಗ ಸ್ಪಂದಿಸುವುದಕ್ಕಿಂತ ಆಗಲಿರುವುದನ್ನು ಮುಂಚೆಯೇ ನೋಡುವುದರಲ್ಲಿ ಅವರ ಜಾಣತನ ಇತ್ತು. ಚಿಕ್ಕ ತಂಡ ಹೆಲ್ಮೆಟ್ ಮೇಲೆ ಕಣ್ಣಿಟ್ಟರೂ ಸಾಕು, ಸ್ವಲ್ಪ ಸುಳಿವು ಸಿಗುತ್ತದೆ.

ಸೀಟು ಸಿಗಲು ಕೌಶಲಕ್ಕೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ದೊಡ್ಡ ರೇಸಿಂಗ್‌ನಲ್ಲಿ ದುಡ್ಡು ತರುವ ಚಾಲಕರಿಗೆ ಸೀಟು ಸಿಗುವುದು ಗುಟ್ಟೇನಲ್ಲ. ಕಾಲೇಜು ತಂಡದಲ್ಲಿ ಹಿರಿಯ ವಿದ್ಯಾರ್ಥಿ ಅನ್ನುವುದೇ ಅರ್ಹತೆ ಆಗಿಬಿಡುತ್ತದೆ. ಕಾರಿಗೆ ಈ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತೂಕ. 230 ಕೆಜಿಯ ಕಾರಿನಲ್ಲಿ 80 ಕೆಜಿಯವರ ಬದಲು 55 ಕೆಜಿಯವರು ಕೂತರೆ ಒಟ್ಟು ತೂಕದಲ್ಲಿ ಶೇ 8 ಇಳಿಯಿತು. ನಿಂತಲ್ಲಿಂದ 75 ಮೀಟರ್ ಓಡುವ ಆಕ್ಸಲರೇಷನ್ ಸ್ಪರ್ಧೆಯಲ್ಲಿ, ಎಂಜಿನ್ ಶಕ್ತಿಯೊಂದೇ ಮಿತಿ ಅಂದುಕೊಂಡರೆ, ಸಮಯ ತೂಕದ ಘನಮೂಲದಂತೆ ಬದಲಾಗುತ್ತದೆ. ನಾಲ್ಕೂವರೆ ಸೆಕೆಂಡಿನ ಓಟದಲ್ಲಿ 0.12 ಸೆಕೆಂಡಿನಷ್ಟು ಫರಕು. ಫಾರ್ಮುಲಾ ಒನ್ 2019ರಲ್ಲಿ ಚಾಲಕ ಮತ್ತು ಸೀಟು ಸೇರಿ ಕನಿಷ್ಠ 80 ಕೆಜಿ ಇರಲೇಬೇಕು ಅಂತ ನಿಯಮ ಮಾಡಿತು. ಅಲ್ಲಿಯವರೆಗೆ ಎತ್ತರದ ಚಾಲಕರು ಉಪವಾಸ ಬಿದ್ದು ತೂಕ ಇಳಿಸುತ್ತಿದ್ದರು.

ಫಾರ್ಮುಲಾ ಸ್ಟೂಡೆಂಟ್‌ನಲ್ಲಿ ಒಬ್ಬರೇ ಎಲ್ಲ ಸ್ಪರ್ಧೆಗಳಲ್ಲೂ ಓಡಿಸುವಂತಿಲ್ಲ. ಇದು ಒಳ್ಳೆಯದೇ ಆಯಿತು. ಹಗುರ ಇರುವವರು ಆಕ್ಸಲರೇಷನ್‌ಗೆ, ಟೈರಿನ ಅಂಚಿನಲ್ಲಿ ನಿಲ್ಲಬಲ್ಲವರು ಸ್ಕಿಡ್‌ಪ್ಯಾಡ್‌ಗೆ. ಅತಿ ಹೆಚ್ಚು ಅಂಕ ಇರುವುದು ಸುಮಾರು 22 ಕಿಮೀ ಓಡುವ ಎಂಡ್ಯೂರೆನ್ಸ್‌ಗೆ. ಅಲ್ಲಿ ಒಂದು ಮಿಂಚಿನ ಲ್ಯಾಪ್‌ಗಿಂತ ಕೋನ್ ಬೀಳಿಸದ ಇಪ್ಪತ್ತು ಲ್ಯಾಪ್ ಬೇಕು, ಯಾಕೆಂದರೆ ಬೀಳಿಸಿದ ಒಂದೊಂದು ಕೋನಿಗೂ ಸೆಕೆಂಡ್‌ಗಟ್ಟಲೆ ದಂಡ. ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಚಾಲಕರು ಬದಲಾಗಬೇಕು. ಕಾದ ಎಂಜಿನ್ ಮತ್ತೆ ಸ್ಟಾರ್ಟ್ ಆಗದೆ ಎಷ್ಟೋ ಕಾರುಗಳ ಓಟ ಅಲ್ಲಿಗೇ ಮುಗಿದಿದೆ. ಹಾಗಾಗಿ ಭಾನುವಾರದ ಮೈದಾನದಲ್ಲಿ ಲ್ಯಾಪ್‌ಗಳ ಜೊತೆ ಇದನ್ನೂ ಪರೀಕ್ಷೆ ಮಾಡಬೇಕು: ಚೆನ್ನಾಗಿ ಕಾದ ಕಾರನ್ನು ಆರಿಸಿ, ಬೆಲ್ಟ್ ಬಿಚ್ಚಿ, ಎರಡನೆಯವರನ್ನು ಕೂರಿಸಿ, ಬೆಲ್ಟ್ ಬಿಗಿದು, ಸ್ಟಾರ್ಟ್ ಒತ್ತಿ ನೋಡಬೇಕು.